ಬೋರ್ಡಷ್ಟೇ ಬದಲಾದದ್ದಲ್ಲ, ಮಾಸ್ತರೇ

ಕುಮಟಾ ಕಡೆಯ ನಿವೃತ್ತ ಮಾಸ್ತರೊಬ್ಬರು ಬರೆದ ಪತ್ರವನ್ನು ಈ ತಿಂಗಳು ಮೂರು ಸಲ ಓದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ತಂಗಿಯ ಮಗ, 26 ವರ್ಷದ ಹುಡುಗ, ಮನೋರೋಗ ವಾರ್ಡಿನಲ್ಲಿದ್ದಾನೆ. 18 ದಿನಕ್ಕೇ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದಾರೆ. ಮಾಸ್ತರಿಗೆ ಸಿಟ್ಟು ಬಂದಿದೆ. "ಹಿಂದೆ ಧಾರವಾಡಕ್ಕೆ ಹಾಕಿದರೆ ಸರ್ಕಾರವೇ ವರ್ಷಗಟ್ಟಲೆ ನೋಡಿಕೊಳ್ಳುತ್ತಿತ್ತು. ಈಗ ಮೂರು ವಾರ ಕಳೆಯುವುದರೊಳಗೆ ಮನೆಗೆ ಅಟ್ಟುತ್ತಾರೆ. ಹುಚ್ಚಾಸ್ಪತ್ರೆ ಎಂಬ ಬೋರ್ಡು ಹೋಗಿ ಬೇರೆ ಬೋರ್ಡು ಬಂತು. ಮತ್ತೇನು ಬದಲಾಗಿದೆ, ಹೇಳಿ?" ಎಂದು ಕೇಳಿದ್ದಾರೆ.

ಮಾಸ್ತರೇ, ನಿಮ್ಮ ಮಾತಿನಲ್ಲಿ ನಿಜ ಇಲ್ಲದೆ ಇಲ್ಲ. ಹಳೆಯ ಆಸ್ಪತ್ರೆಗಳಿಗೆ ಎಕರೆಗಟ್ಟಲೆ ಜಾಗ ಇತ್ತು, ಮರಗಳಿದ್ದವು, ತೋಟದ ಕೆಲಸ, ಮಗ್ಗದ ಕೆಲಸ ಇತ್ತು. ಈಗಿನ ಎಷ್ಟೋ ವಾರ್ಡುಗಳಲ್ಲಿ ಒಂದು ಉದ್ದನೆ ಕೋಣೆ, ನಾಲ್ಕು ಫ್ಯಾನು, ಅಷ್ಟೇ. ಅಮೆರಿಕದ ಸರ್ಕಾರಿ ಹುಚ್ಚಾಸ್ಪತ್ರೆಗಳಲ್ಲಿ 1955ರಲ್ಲಿ ಸುಮಾರು 5.6 ಲಕ್ಷ ಜನ ಇದ್ದರು. ಆಮೇಲೆ ಒಂದೊಂದಾಗಿ ಆಸ್ಪತ್ರೆ ಖಾಲಿ ಮಾಡಿದರು. ಊರುಗಳಲ್ಲಿ ಅವರನ್ನು ನೋಡಿಕೊಳ್ಳುವ ಏರ್ಪಾಡು ಮಾತ್ರ ಸಾಕಷ್ಟು ಬೆಳೆಯಲಿಲ್ಲ. ಎಷ್ಟೋ ಜನ ಬೀದಿಗೆ ಬಿದ್ದರು, ಜೈಲು ಸೇರಿದರು. ಬರೀ ಬಾಗಿಲು ತೆಗೆದರೆ ಸಾಲದು ಎಂಬುದನ್ನು ಒಪ್ಪುತ್ತೇನೆ.

ಬೋರ್ಡಿನ ವಿಚಾರದಲ್ಲೂ ನೀವು ಹೇಳಿದ್ದು ಒಂದು ಕಾಲಕ್ಕೆ ಸರಿಯೇ. ಧಾರವಾಡದ ಆಸ್ಪತ್ರೆ ಶುರುವಾದದ್ದು 1845ರಲ್ಲಿ, ಲುನಾಟಿಕ್ ಅಸೈಲಂ, ಅಂದರೆ ಹುಚ್ಚಾಸ್ಪತ್ರೆ ಎಂದು. ಬೆಂಗಳೂರಿನ ಅಸೈಲಂ 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಆಯಿತು. ಆದರೆ ಆಗ ನಡೆಯುತ್ತಿದ್ದ ಕಾನೂನು 1912ರದು. ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಒಳಗೆ ಹಾಕುವ ಕಾನೂನು. ಬೀದಿಯಲ್ಲಿ ಅಲೆಯುವವರನ್ನು ಪೊಲೀಸರು ಹಿಡಿದು ತರಬಹುದಿತ್ತು. ಜ್ವರ ಬಂದವರನ್ನು ಹೀಗೆ ಯಾರಾದರೂ ಆಸ್ಪತ್ರೆಗೆ ಸೇರಿಸುತ್ತಾರೆಯೇ? ಅದು ಊರಿನ ಜನರನ್ನು ಕಾಪಾಡಲು ಕಟ್ಟಿದ ಗೋಡೆ. ಒಳಗಿದ್ದವರು ಗುಣವಾಗುವುದು ಆಮೇಲಿನ ಮಾತು.

ಆ ಗೋಡೆಯನ್ನು ನಾನು ಕಣ್ಣಾರೆ ನೋಡಿದ್ದೇನೆ. ನನ್ನ ಸಣ್ಣತ್ತೆ, ಅಪ್ಪನ ಕಿರಿಯ ತಂಗಿ, ಮದುವೆಯಾಗಿ ದೂರದ ಊರಿಗೆ ಹೋಗಿದ್ದಳು. ಎರಡನೇ ಬಾಣಂತನದಲ್ಲಿ ಅವಳಿಗೆ ನಿದ್ದೆ ಹೋಯಿತು. ಮಗು ತನ್ನದಲ್ಲ ಎನ್ನತೊಡಗಿದಳು. ಯಾರೋ ನೋಟ ತಾಗಿದೆ ಎಂದರು, ತಾಯತ ಕಟ್ಟಿದರು. ಕೊನೆಗೆ ಅಲ್ಲಿಯ ಒಂದು ಆಸ್ಪತ್ರೆಗೆ ಹಾಕಿದರು. ಅದು ನಮ್ಮ ರಾಜ್ಯದ್ದಲ್ಲ, ಹೆಸರು ಬೇಡ. 1972ರ ಬೇಸಿಗೆಯಲ್ಲಿ ಅಪ್ಪನ ಜೊತೆ ನಾನೂ ನೋಡಲು ಹೋದೆ. ನನಗೆ ಹನ್ನೊಂದು ವರ್ಷ. ನಮಗೂ ಅವಳಿಗೂ ನಡುವೆ ಕಬ್ಬಿಣದ ಜಾಲಿ. ಸೊಂಟದವರೆಗೆ ಇದ್ದ ಅವಳ ಕೂದಲನ್ನು ಬೋಳಿಸಿದ್ದರು. ಎಲ್ಲರಿಗೂ ಒಂದೇ ಬಣ್ಣದ ನಿಲುವಂಗಿ. ಹದಿನೈದು ನಿಮಿಷ ಮಾತಾಡಲು ಬಿಟ್ಟರು. ಅವಳು ಕೇಳಿದ್ದು ಒಂದೇ: "ಅಣ್ಣಯ್ಯ, ಈ ಸಲ ಅಪ್ಪೆಮಿಡಿ ಉಪ್ಪಿಗೆ ಹಾಕಿ ಆಯ್ತಾ?"

ಅಪ್ಪ ಶಿರಸಿ ಮುಟ್ಟುವವರೆಗೂ ಬಾಯಿ ಬಿಡಲಿಲ್ಲ. ಮಿಡಿಗಾಯಿಯ ಕಾಲ ಯಾವುದು ಎಂದು ನೆನಪಿದ್ದ ಹೆಂಗಸು ಅಲ್ಲೇ ಹದಿನಾಲ್ಕು ವರ್ಷ ಇದ್ದಳು. ಅಲ್ಲೇ ತೀರಿಕೊಂಡಳು. ಮಗು ಬೇರೆಯವರ ಕೈಯಲ್ಲಿ ಬೆಳೆಯಿತು.

ಸರ್ಕಾರ ವರ್ಷಗಟ್ಟಲೆ ನೋಡಿಕೊಳ್ಳುತ್ತಿತ್ತು ಎಂದಿರಲ್ಲ, ಅದು ಹೀಗಿತ್ತು. ಇಂದು ಅದೇ ಬಾಣಂತಿ ಕಾಯಿಲೆಗೆ ಸರಿಯಾದ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಕೆಲವು ವಾರ, ಕೆಲವು ತಿಂಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೇ ಇರುವ ವಾರ್ಡೇ ಇದೆ. ಆ ವಾರ್ಡಿನ ಬಗ್ಗೆ ಮೊದಲ ಸಲ ಓದಿದ ದಿನ ನನಗೆ ಊಟ ಸೇರಲಿಲ್ಲ.

ಔಷಧಿ ಇದನ್ನು ಸಾಧ್ಯ ಮಾಡಿತು, ನಿಜ. 1949ರಲ್ಲಿ ಆಸ್ಟ್ರೇಲಿಯಾದ ಡಾಕ್ಟರ್ ಜಾನ್ ಕೇಡ್ ಲಿಥಿಯಂ ಉನ್ಮಾದಕ್ಕೆ ಆಗುತ್ತದೆ ಎಂದು ತೋರಿಸಿದರು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಝೀನ್ ಎಂಬ ಔಷಧಿಯನ್ನು ಮನೋರೋಗಿಗಳಿಗೆ ಕೊಟ್ಟು ನೋಡಿದರು. ನಮ್ಮ ಘಟ್ಟದ ಕಾಡಿನಲ್ಲೂ ಸಿಗುವ ಸರ್ಪಗಂಧಿ ಇದೆಯಲ್ಲ, ಅದರ ಬೇರು ಉನ್ಮಾದಕ್ಕೂ ರಕ್ತದ ಒತ್ತಡಕ್ಕೂ ಆಗುತ್ತದೆ ಎಂದು ಕಲ್ಕತ್ತೆಯ ಗಣನಾಥ ಸೇನ್, ಕಾರ್ತಿಕಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಅದರಿಂದ ತೆಗೆದ ರೆಸರ್ಪಿನ್ ಐವತ್ತರ ದಶಕದಲ್ಲಿ ದೇಶವಿದೇಶದ ಆಸ್ಪತ್ರೆಗಳಿಗೆ ಹೋಯಿತು. ಅದಕ್ಕೂ ಮುಂಚೆ ಡಾಕ್ಟರರ ಕೈಯಲ್ಲಿ ಮಂಪರು ಬರಿಸುವ ಔಷಧಿ, ತಣ್ಣೀರ ಸ್ನಾನ, ಕರೆಂಟ್ ಚಿಕಿತ್ಸೆ, ಬೀಗ ಬಿಟ್ಟರೆ ಜಾಸ್ತಿ ಏನೂ ಇರಲಿಲ್ಲ.

ಆದರೆ ನನ್ನನ್ನು ಕೇಳಿದರೆ ಗುಳಿಗೆಗಿಂತ ದೊಡ್ಡ ಬದಲಾವಣೆ ಮಂಚದ ಪಕ್ಕ ಆಗಿದೆ. ಐವತ್ತರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆ ತುಂಬಿ ತುಳುಕುತ್ತಿತ್ತು. ಅಲ್ಲಿಯ ಡಾಕ್ಟರ್ ವಿದ್ಯಾಸಾಗರ್ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿದರು. ರೋಗಿಯ ಜೊತೆ ಅಮ್ಮ, ಅಣ್ಣ, ಹೆಂಡತಿ ಯಾರಾದರೂ ಬಂದು ಇರಿ ಎಂದರು. ಮನೆಯವರು ಅಲ್ಲೇ ಅಡುಗೆ ಮಾಡಿದರು, ಕಾಯಿಲೆ ಎಂದರೆ ಏನು ಎಂದು ಡಾಕ್ಟರರ ಬಾಯಿಂದಲೇ ಕೇಳಿದರು. ಜನ ಬೇಗ ಬೇಗ ಗುಣವಾಗಿ ಮನೆಗೆ ಹೋದರು. ಆಮೇಲೆ ವೆಲ್ಲೂರಿನಲ್ಲೂ ಬೆಂಗಳೂರಿನಲ್ಲೂ ಅದೇ ದಾರಿ ಹಿಡಿದರು. ಮನೆಯವರನ್ನು ಗೇಟಿನ ಹೊರಗೆ ನಿಲ್ಲಿಸುವುದನ್ನು ಬಿಟ್ಟು ಒಳಗೆ ಚಾಪೆ ಹಾಸಿಕೊಟ್ಟರಲ್ಲ, ನಮ್ಮ ದೇಶ ಹೆಮ್ಮೆಪಡಬೇಕಾದ ಕೆಲಸ ಅದು.

ಹೋದ ವರ್ಷ ನನ್ನ ಗೆಳೆಯನ ಮಗ ಅಂಥದ್ದೊಂದು ವಾರ್ಡಿನಲ್ಲಿ 22 ದಿನ ಇದ್ದ. ಗೆಳೆಯ ಮಂಚದ ಕೆಳಗೆ ಚಾಪೆ ಹಾಸಿ ಮಲಗುತ್ತಿದ್ದ. ನಾನು ನೋಡಲು ಹೋದಾಗ ಹುಡುಗ ತನ್ನದೇ ಟೀ ಶರ್ಟ್ ಹಾಕಿಕೊಂಡು ಅಮ್ಮನಿಗೆ ಫೋನ್ ಮಾಡುತ್ತಿದ್ದ. ಪಕ್ಕದ ಮಂಚದ ಅಜ್ಜಿ ಅವನಿಗೆ ಅವಲಕ್ಕಿ ಕೊಟ್ಟರು. ಸಿಸ್ಟರ್ ಬಂದು ಗುಳಿಗೆಯ ಹೆಸರು ಅವನಿಂದಲೇ ಹೇಳಿಸಿದರು. ಬಾಗಿಲಿಗೆ ಬೀಗ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಎಲ್ಲಿಯವರೆಗೆ, ಯಾಕೆ ಎಂದು ಅವನಿಗೂ ಹೇಳಿದ್ದರು. ಅಡಿಕೆ ಕೊಯ್ಲಿಗೆ ಅವನು ತೋಟದಲ್ಲಿದ್ದ.

ಇದೆಲ್ಲ ಈಗ ಡಾಕ್ಟರರ ಒಳ್ಳೆಯತನಕ್ಕೆ ಬಿಟ್ಟ ವಿಷಯವೂ ಅಲ್ಲ. 2017ರ ಮಾನಸಿಕ ಆರೋಗ್ಯ ಕಾನೂನು 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ತಲೆ ಬೋಳಿಸುವಂತಿಲ್ಲ. ಆಸ್ಪತ್ರೆಯ ಬಟ್ಟೆಯನ್ನೇ ಹಾಕು ಎಂದು ಒತ್ತಾಯಿಸುವಂತಿಲ್ಲ. ಸರಪಳಿ ಕಟ್ಟುವಂತಿಲ್ಲ. ಅರಿವಳಿಕೆ ಇಲ್ಲದೆ ಕರೆಂಟ್ ಕೊಡುವಂತಿಲ್ಲ. ರೋಗಿಗೆ ಒಪ್ಪಿಗೆ ಕೊಡುವ ಸ್ಥಿತಿ ಇಲ್ಲದಿದ್ದಾಗ ಮನೆಯವರ ಮಾತಿನ ಮೇಲೆ ಸೇರಿಸಿಕೊಂಡರೂ ಮೊದಲ ಅವಧಿ 30 ದಿನ ಮೀರುವಂತಿಲ್ಲ. ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ರೋಗಿಯೇ ಮೊದಲೇ ಬರೆದಿಡಬಹುದು. ನನ್ನ ಸಣ್ಣತ್ತೆಗೆ ಇದರಲ್ಲಿ ಒಂದಾದರೂ ಸಿಕ್ಕಿದ್ದರೆ! 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇಟ್ಟಿದ್ದ ಒಂದು ಗುಡಿಸಲಿಗೆ ಬೆಂಕಿ ಬಿದ್ದು 28 ಜನ ಸತ್ತರು. ಸರಪಳಿ ಬಿಗಿದಿದ್ದರಿಂದ ಓಡಲು ಆಗಲಿಲ್ಲ. ಅಂಥ ಕಡೆ ಎಷ್ಟೋ ಜನರನ್ನು ಅವರ ಮನೆಯವರೇ 'ನೋಡಿಕೊಳ್ಳಲಿ' ಎಂದು ಬಿಟ್ಟುಹೋಗಿದ್ದರು ಅಲ್ವಾ?

ಇನ್ನು ನಿಮ್ಮ ಮೇಲೆ ಒಂದು ತಕರಾರು. 'ಧಾರವಾಡಕ್ಕೆ ಹಾಕಿದರೆ' ಎಂದು ಬರೆದಿದ್ದೀರಿ. ನಾಲ್ಕು ದಶಕ ಮಕ್ಕಳಿಗೆ ಕನ್ನಡ ಕಲಿಸಿದವರು ನೀವು. ಮನುಷ್ಯರನ್ನು ಹಾಕುವುದೆಂದರೇನು? ಅಲ್ಲಿ ಈಗ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಹೊಸ ತಲೆಮಾರಿನ ಮನೋವೈದ್ಯರು ಅಲ್ಲಿ ತಯಾರಾಗುತ್ತಾರೆ. ನಮ್ಮ ಬಾಯಲ್ಲಿ ಮಾತ್ರ ಆ ಊರಿನ ಹೆಸರು ಇನ್ನೂ ಬೈಗುಳ. ಇಂಥ ಮಾತಿಗೆ ಹೆದರಿಯೇ ಜನ ಕಾಯಿಲೆಯನ್ನು ಮೆತ್ತಿನ ಮೇಲೆ ಬಚ್ಚಿಡುತ್ತಾರೆ. ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ (2015-16) ದೊಡ್ಡವರಲ್ಲಿ ನೂರಕ್ಕೆ ಸುಮಾರು 10 ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯ ಹತ್ತಿರವೂ ಹೋಗಿಲ್ಲ.

ಹೋಗೋಣ ಎಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ದಾರಿಯಾದರೂ ಎಲ್ಲಿದೆ? ಕಾರವಾರದಲ್ಲಿ 2016ರಿಂದ ಮೆಡಿಕಲ್ ಕಾಲೇಜಿದೆ. ಶಿರಸಿಯವರಿಗೆ ಅದು ನೂರು ಕಿಲೋಮೀಟರಿಗಿಂತ ಜಾಸ್ತಿ, ಘಟ್ಟದ ದಾರಿ. ಜೋಯಿಡಾದ ಒಳ ಹಳ್ಳಿಯವರು ಬಸ್ಸಿಗೇ ಒಂದು ದಿನ ಕಳೆಯಬೇಕು. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂದು ವರ್ಷಗಳಿಂದ ಕೂಗುತ್ತಿದ್ದೇವೆ. ಆ ಕೂಗಿನಲ್ಲಿ ಹೃದಯ ಇದೆ, ಅಪಘಾತ ಇದೆ, ಕಿಡ್ನಿ ಇದೆ. ಮನಸ್ಸಿನ ಕಾಯಿಲೆಗೂ ಹತ್ತು ಮಂಚ ಕೊಡಿ ಎಂದು ಒಬ್ಬ ಭಾಷಣಕಾರನೂ ಕೇಳಿದ್ದನ್ನು ನಾನು ಕೇಳಿಲ್ಲ. ಜಿಲ್ಲೆ ಮಟ್ಟದಲ್ಲೇ ಚಿಕಿತ್ಸೆ ಕೊಡಬಹುದು ಎಂದು ಎಂಬತ್ತರ ದಶಕದಲ್ಲಿ ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮದೇ ರಾಜ್ಯದ ಬಳ್ಳಾರಿ. ಬಿಸಿಲ ನಾಡಿನಲ್ಲಿ ಆದದ್ದು ಕರಾವಳಿಯಲ್ಲಿ ಯಾಕೆ ಆಗುವುದಿಲ್ಲ? ಈ ಪತ್ರಿಕೆ ಇರುವವರೆಗೂ ನಾನು ಇದನ್ನು ಬರೆಯುತ್ತಲೇ ಇರುತ್ತೇನೆ.

ಮಾಸ್ತರೇ, ನಿಮ್ಮ ಪತ್ರದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದ ಒಂದು ಸಾಲಿದೆ. ಮಾಘದಲ್ಲಿ ಮಗಳ ಮದುವೆ, ಅವನು ಮನೆಯಲ್ಲಿದ್ದರೆ ಬೀಗರು ಏನಂದಾರು ಎಂದು. ಪತ್ರವೆಲ್ಲ ಈ ಸಾಲಿಗಾಗಿಯೇ ಬರೆದದ್ದು ಎಂದು ನನಗನಿಸಿತು. ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೂ ಹುಡುಗನನ್ನು ಕರೆತನ್ನಿ. ಹೊರಡುವ ಮುಂಚೆ ಯಾವ ಗುಳಿಗೆ ಯಾವ ಹೊತ್ತಿಗೆ ಎಂದು ಕನ್ನಡದಲ್ಲಿ ಬರೆಸಿಕೊಳ್ಳಿ. ಕಾಯಿಲೆ ಮರಳುವ ಮೊದಲ ಗುರುತು ಏನು ಎಂದು ಕೇಳಿ. ಹೆಚ್ಚಾಗಿ ಅದು ನಿದ್ದೆ ಕೆಡುವುದೇ. ಡಾಕ್ಟರು ಹೇಳದೆ ಗುಳಿಗೆ ನಿಲ್ಲಿಸಬೇಡಿ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ವಿಚಾರಿಸಿಟ್ಟುಕೊಳ್ಳಿ. ರಾತ್ರಿ ಗಾಬರಿಯಾದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಮದುವೆಯ ಕರೆಯೋಲೆ ನನಗೂ ಕಳಿಸಿ. ಖಂಡಿತ ಬರುತ್ತೇನೆ. ಪಂಕ್ತಿಯಲ್ಲಿ ಅವನ ಪಕ್ಕದ ಎಲೆ ನನಗಿರಲಿ.