ಮುರುಗಲಿನ ಬಣ್ಣಕ್ಕೆ ಕೆಮಿಕಲ್ ಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯ ಕೇಳುತ್ತವೆ: ಗಿಡದೊಳಗಿನ ಬಣ್ಣ, ಎಣ್ಣೆ, ಪರಿಮಳವನ್ನು ಮಣ್ಣು ನೀರು ಕೆಡಿಸದೆ ಹೊರಗೆ ತೆಗೆಯುವುದು ಹೇಗೆ? ಇದೇ ಕೆಲಸದಲ್ಲಿ 28 ವರ್ಷ ಕಳೆದವಳು ನಾನು. ಮೂರಕ್ಕೂ ಒಟ್ಟಿಗೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಮೇಡಂ, ನಾವು ಹತ್ತು ಜನ ಹೆಂಗಸರು ಸಂಘ ಮಾಡಿಕೊಂಡಿದ್ದೇವೆ. ನಮ್ಮ ಬೆಟ್ಟದಲ್ಲಿ ಮುರುಗಲು (ಕೋಕಂ) ಬೇಕಾದಷ್ಟಿದೆ. ಸಿಪ್ಪೆಯ ಕೆಂಪು ಬಣ್ಣಕ್ಕೆ ಒಳ್ಳೆ ಬೆಲೆ ಇದೆ, ಆದರೆ ಅದನ್ನು ಕರಗಿಸಿ ತೆಗೆಯುವ ದ್ರವ, ಅಂದರೆ ಸಾಲ್ವೆಂಟ್ ಬೇಕು ಅಂತ ಒಬ್ಬರು ಹೇಳಿದರು. ಇನ್ನೊಬ್ಬರು ಹಬೆಯಲ್ಲಿ ಭಟ್ಟಿ ಇಳಿಸಿ ಅಂದರು. ಅಲ್ಟ್ರಾಸೌಂಡ್ ಮಷೀನ್ ತಗೊಳ್ಳಿ ಅನ್ನುವವರೂ ಇದ್ದಾರೆ. ಯಾವುದು ಸರಿ?
— ಓದುಗರು, ಶಿರಸಿ ತಾಲ್ಲೂಕು

ಉತ್ತರ: ಮೊದಲು ಹಬೆಯ ಮಾತು ಬಿಟ್ಟುಬಿಡಿ. ಹಬೆಯ ಜೊತೆ ಮೇಲೆ ಏರುವುದು ಆವಿಯಾಗುವಂಥ ಪರಿಮಳದ ಎಣ್ಣೆ ಮಾತ್ರ. ಮುರುಗಲಿನ ಕೆಂಪು ಆಂಥೋಸಯನಿನ್ ಎಂಬ ಬಣ್ಣ. ಅದು ಮೇಲೇರುವುದಿಲ್ಲ, ಪಾತ್ರೆಯಲ್ಲೇ ಕುಳಿತು ಬೆಂದು ಕೆಡುತ್ತದೆ. ಆದರೆ ಅದು ನೀರಿಗೆ ಸಲೀಸಾಗಿ ಬಿಡುವ ಬಣ್ಣ. ಜೊತೆಗೆ ಹುಳಿ ಇದ್ದಷ್ಟೂ ಗಟ್ಟಿಯಾಗಿ ನಿಲ್ಲುವ ಬಣ್ಣ. ಆ ಹುಳಿಯೂ ಸಿಪ್ಪೆಯಲ್ಲೇ ಇದೆ, ಅಲ್ವಾ? ಹಾಗಾಗಿ ನಿಮಗೆ ಬೇಕಾದ ಸಾಲ್ವೆಂಟ್ ನಿಮ್ಮ ಬಾವಿಯಲ್ಲೇ ಇದೆ.

ಸಿಪ್ಪೆಯನ್ನು ನೆರಳಲ್ಲಿ, ಗಾಳಿ ಆಡುವ ಕಡೆ ಒಣಗಿಸಿ. ಸುಡುಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ ನಿಜ, ಆದರೆ ಬೆಳಕು, ಬಿಸಿ ಎರಡೂ ಈ ಬಣ್ಣಕ್ಕೆ ಆಗಿಬರುವುದಿಲ್ಲ. ಆಮೇಲೆ ಚೂರು ಮಾಡಿ ಉಗುರುಬೆಚ್ಚಗಿನ ನೀರಲ್ಲಿ, ಸ್ಟೀಲ್ ಅಥವಾ ಪಿಂಗಾಣಿ ಪಾತ್ರೆಯಲ್ಲಿ ಮುಚ್ಚಿಡಿ. ಅಲ್ಯೂಮಿನಿಯಂ, ಕಬ್ಬಿಣ ಖಂಡಿತ ಬೇಡ. ಹುಳಿ ಲೋಹವನ್ನು ತಿನ್ನುತ್ತದೆ, ಬಣ್ಣವೂ ಮಂಕಾಗುತ್ತದೆ.

ಸಾರಿಗೆ ಹುಣಸೆಹಣ್ಣು ಕಿವುಚುವಾಗ ಏನು ಮಾಡುತ್ತೀರಿ? ಒಂದೇ ಸಲ ಒಂದು ಚೆಂಬು ನೀರು ಸುರಿಯುವುದಿಲ್ಲ. ಸ್ವಲ್ಪ ನೀರು ಹಾಕಿ ಹಿಂಡುತ್ತೀರಿ, ಮತ್ತೆ ಸ್ವಲ್ಪ ಹಾಕಿ ಹಿಂಡುತ್ತೀರಿ. ಇಲ್ಲೂ ಅದೇ. ಎರಡನೇ ಸಲದ ತೆಳು ನೀರನ್ನು ಚೆಲ್ಲದೆ, ಮುಂದಿನ ಹೊಸ ಸಿಪ್ಪೆಗೆ ಮೊದಲ ನೀರಾಗಿ ಬಳಸಿ. ದೊಡ್ಡ ಕಾರ್ಖಾನೆಗಳೂ ಇದೇ ಉಪಾಯ ಮಾಡುತ್ತವೆ. ನೀರು ಕಡಿಮೆ ಸಾಕು, ರಸ ಗಟ್ಟಿ ಬರುತ್ತದೆ, ಅದನ್ನು ಇಂಗಿಸುವ ಸೌದೆಯೂ ಉಳಿಯುತ್ತದೆ.

ಒಂದು ಮಾತು ನೇರವಾಗಿ ಹೇಳಬೇಕು. ಹೀಗೆ ಬರುವುದು ಬಣ್ಣ ಮಾತ್ರ ಅಲ್ಲ. ಹುಳಿ, ಸಕ್ಕರೆ ಎಲ್ಲ ಸೇರಿದ ರಸ ಅದು. ಅದರಿಂದ ಬಣ್ಣವನ್ನು ಮಾತ್ರ ಬೇರ್ಪಡಿಸಲು ರಾಳದ ಹರಳು ತುಂಬಿದ ಕೊಳವೆ, ಪುಡಿ ಮಾಡುವ ಯಂತ್ರ ಎಲ್ಲ ಬೇಕು. ಹತ್ತು ಜನರ ಸಂಘಕ್ಕೆ ಆ ಸಾಲ ಬೇಡ ಅನ್ನುವುದು ನನ್ನ ಅಭಿಪ್ರಾಯ. ಬರೀ ನೀರಿನ ರಸ ಒಂದೆರಡು ದಿನದಲ್ಲಿ ಹುದುಗಲು ಶುರುವಾಗುತ್ತದೆ. ಅದರ ಬದಲು ತಾಜಾ ಸಿಪ್ಪೆಗೆ ಸಕ್ಕರೆ ತುಂಬಿ ಭರಣಿಯಲ್ಲಿ ಪದರ ಪದರವಾಗಿ ಇಡುವ ಹಳೇ ಕ್ರಮವನ್ನೇ ಹಿಡಿಯಿರಿ. ಸಕ್ಕರೆ ಸಿಪ್ಪೆಯೊಳಗಿನ ನೀರನ್ನು ಎಳೆಯುತ್ತದೆ, ನೀರಿನ ಜೊತೆ ಬಣ್ಣ ಬರುತ್ತದೆ. ಒಲೆ ಹಚ್ಚುವುದೇ ಬೇಡ. ನಮ್ಮ ಅಮ್ಮ ಪ್ರತಿ ಮೇ ತಿಂಗಳು ಜಗಲಿ ಮೂಲೆಯಲ್ಲಿ ಎರಡು ಭರಣಿ ಇಡುತ್ತಿದ್ದರು. ಇದರೊಳಗೆ ಇಷ್ಟು ವಿಜ್ಞಾನ ಇದೆ ಅಂತ ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷದ ಮೇಲೆ. 2011ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದವರು, ಸಕ್ಕರೆ ಮತ್ತು ಹಣ್ಣಿನ ಹುಳಿಗಳನ್ನು ಸರಿಯಾದ ಅಳತೆಯಲ್ಲಿ ಬೆರೆಸಿದರೆ ತಾನೇ ದ್ರವವಾಗುತ್ತದೆ, ನೀರಿಗೆ ಸುಲಭವಾಗಿ ಬಿಡದ ಸಸ್ಯದ ಅಂಶಗಳನ್ನೂ ಅದು ಕರಗಿಸಿಕೊಳ್ಳುತ್ತದೆ ಅಂತ ಬರೆದರು. ಅದನ್ನು ಓದಿದಾಗ ನನ್ನ ಕಣ್ಣಮುಂದೆ ಬಂದದ್ದು ಆ ಭರಣಿಗಳೇ.

ಅಲ್ಟ್ರಾಸೌಂಡ್ ಒಳ್ಳೆಯದೇ. ಕಿವಿಗೆ ಕೇಳದ ಶಬ್ದದಿಂದ ನೀರಲ್ಲಿ ಸಣ್ಣ ಗುಳ್ಳೆಗಳು ಎದ್ದು ಒಡೆಯುತ್ತವೆ, ಆ ಪೆಟ್ಟಿಗೆ ಸಸ್ಯದ ಕೋಶ ಬಿರಿಯುತ್ತದೆ. ಗಂಟೆಗಳ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ನಿಮಗೆ ಒಂದು ರಾತ್ರಿ ಕಾಯುವುದರಿಂದ ನಷ್ಟ ಏನೂ ಇಲ್ಲವಲ್ಲ.

ಬೀಜ ಏನು ಮಾಡುತ್ತೀರಿ ಅಂತ ನೀವು ಬರೆದಿಲ್ಲ. ದಯವಿಟ್ಟು ಎಸೆಯಬೇಡಿ. ಒಣಗಿಸಿ, ಒಡೆದು, ತಿರುಳು ಕುಟ್ಟಿ ನೀರಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ಆರಿದ ಮೇಲೆ ಗಟ್ಟಿ ಬಿಲ್ಲೆಯಾಗುತ್ತದೆ. ಹಿಮ್ಮಡಿ ಒಡೆದವರು ಹಚ್ಚಿಕೊಳ್ಳುವ ಮುರುಗಲು ತುಪ್ಪ ಇದೇ. ಕಾರ್ಖಾನೆಯವರಂತೆ ಹೆಕ್ಸೇನ್ ಎಂಬ ಸಾಲ್ವೆಂಟ್ ಹಾಕಿ ತೆಗೆಯುವಷ್ಟು ಪೂರ್ತಿ ಬರುವುದಿಲ್ಲ, ಸ್ವಲ್ಪ ಹಿಂಡಿಯಲ್ಲೇ ಉಳಿಯುತ್ತದೆ. ಉಳಿಯಲಿ. ಕುದಿಸುವ ಒಲೆಗೆ ಬೀಜದ ಹೊಟ್ಟನ್ನೇ ಹಾಕಿ.

ಪ್ರಶ್ನೆ: ನಮ್ಮೂರ ಬ್ಯಾಡಗಿ ಮೆಣಸಿನಕಾಯಿಯ ಬಣ್ಣವನ್ನು ಹೆಕ್ಸೇನ್‌ನಿಂದ ತೆಗೆಯುತ್ತಾರಂತೆ. ಅದು ಪೆಟ್ರೋಲಿಯಂನಿಂದ ಬರುವುದಲ್ಲವೇ? ತಿನ್ನುವ ವಸ್ತುವಿನಲ್ಲಿ ಉಳಿಯುವುದಿಲ್ಲವೇ? ಬೇರೆ ದಾರಿ ಇಲ್ಲವೇ?
— ಪದವಿ ವಿದ್ಯಾರ್ಥಿ, ಹಾವೇರಿ ಜಿಲ್ಲೆ

ಉತ್ತರ: ಹೌದು, ಪೆಟ್ರೋಲಿಯಂನದೇ. ಮೆಣಸಿನ ಕೆಂಪು ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಒಗ್ಗರಣೆಯಲ್ಲಿ ನೋಡಿರುತ್ತೀರಿ. ಹೆಕ್ಸೇನ್ ಅದನ್ನು ಬೇಗ ಎಳೆಯುತ್ತದೆ. 69 ಡಿಗ್ರಿಗೇ ಕುದಿಯುವುದರಿಂದ ಆಮೇಲೆ ಬೇರ್ಪಡಿಸುವುದೂ ಸುಲಭ, ಮತ್ತೆ ಮತ್ತೆ ಬಳಸಬಹುದು. ಮಸಾಲೆ ಸಾರದಲ್ಲಿ ಅದು ಎಷ್ಟು ಉಳಿಯಬಹುದು ಅನ್ನುವುದಕ್ಕೆ ಮಿತಿ ಇದೆ. ಅಮೆರಿಕದ ನಿಯಮದಲ್ಲಿ ಹತ್ತು ಲಕ್ಷಕ್ಕೆ 25 ಭಾಗ. ಆ ಸಾರವನ್ನು ತಿಂಡಿಗೆ ಹಾಕುವುದೇ ಚಿಟಿಕೆಯಷ್ಟು. ಹಾಗಾಗಿ ತಿನ್ನುವವರಿಗಿಂತ ತೆಗೆಯುವವರ ಬಗ್ಗೆಯೇ ನನಗೆ ಚಿಂತೆ ಜಾಸ್ತಿ.

ನನ್ನ ಮೊದಲ ಕೆಲಸ ಒಂದು ಸಣ್ಣ ಘಟಕದಲ್ಲಿ. ಸಂಜೆಯಾದರೆ ಎಲ್ಲರಿಗೂ ತಲೆನೋವು. ಈ ಆವಿಯನ್ನು ವರ್ಷಗಟ್ಟಲೆ ಉಸಿರಾಡಿದರೆ ಕೈಕಾಲಿನ ನರಗಳು ಕೆಡುತ್ತವೆ, ಬೆರಳು ಜೋಮು ಹಿಡಿಯುತ್ತದೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ಸಾರ ತೆಗೆದ ಚರಟವನ್ನು ಹಿತ್ತಲಲ್ಲಿ ರಾಶಿ ಹಾಕುತ್ತಿದ್ದರು. ಮಳೆ ಬಂದರೆ ಎಲ್ಲ ಹಳ್ಳಕ್ಕೆ. ಅಲ್ಲಿಂದಾಚೆ ಯಾವುದೇ ಘಟಕಕ್ಕೆ ಹೋದರೂ ನಾನು ಮೊದಲು ನೋಡುವುದು ಹಿತ್ತಲನ್ನು.

ಬೇರೆ ದಾರಿ ಇದೆ. ಸೋಡಾದ ಗುಳ್ಳೆಯಲ್ಲಿರುವ ಇಂಗಾಲದ ಡೈಆಕ್ಸೈಡನ್ನೇ 31 ಡಿಗ್ರಿ ದಾಟಿಸಿ, ವಾತಾವರಣದ ಸುಮಾರು 73 ಪಟ್ಟು ಒತ್ತಡ ಕೊಟ್ಟರೆ ಅದು ಗಾಳಿಯಂತೆ ನುಗ್ಗುತ್ತದೆ, ದ್ರವದಂತೆ ಕರಗಿಸಿಕೊಳ್ಳುತ್ತದೆ. ಒತ್ತಡ ಇಳಿಸಿದರೆ ಹಾರಿಹೋಗುತ್ತದೆ, ಸಾರ ಮಾತ್ರ ಉಳಿಯುತ್ತದೆ. ಮೆಣಸಿನಲ್ಲಿ ಇದಕ್ಕೆ ಇನ್ನೊಂದು ಗುಣ ಇದೆ. ಕಡಿಮೆ ಒತ್ತಡಕ್ಕೆ ಖಾರ ಮೊದಲು ಬರುತ್ತದೆ, ಒತ್ತಡ ಚೆನ್ನಾಗಿ ಏರಿಸಿದರೆ ಬಣ್ಣ. ಎರಡನ್ನೂ ಬೇರೆ ಬೇರೆ ಹಿಡಿಯಬಹುದು. ಕಾಫಿಯಿಂದ ಕೆಫೀನ್ ತೆಗೆಯಲು ಇದನ್ನು ಜರ್ಮನಿಯ ಕುರ್ಟ್ ಜೋಸೆಲ್ 1960ರ ದಶಕದಲ್ಲೇ ತೋರಿಸಿದ್ದರು. ಅಷ್ಟು ಒತ್ತಡ ತಡೆಯುವ ದಪ್ಪ ಉಕ್ಕಿನ ಪಾತ್ರೆಗೆ ತುಂಬಾ ದುಡ್ಡು ಬೇಕು, ತೊಡಕು ಅಲ್ಲೇ. ಕಬ್ಬಿನ ಎಥನಾಲ್ ನಡುವಿನ ದಾರಿ. ಅದಕ್ಕೆ ಅಬಕಾರಿ ಪರವಾನಗಿ ಬೇಕು, ಬಣ್ಣದ ಜೊತೆ ಸಕ್ಕರೆ ಅಂಶವನ್ನೂ ಎಳೆದು ತರುತ್ತದೆ. ನೀನು ರಸಾಯನಶಾಸ್ತ್ರ ಓದುತ್ತಿದ್ದರೆ, ಪ್ರಾಜೆಕ್ಟಿಗೆ ಈ ಎಥನಾಲ್ ವಿಷಯವನ್ನೇ ತಗೋ ಮಗು. ನಿಮ್ಮೂರಿಗೆ ಬೇಕಾದ ಕೆಲಸ ಅದು.

ಪ್ರಶ್ನೆ: ಮಜ್ಜಿಗೆ ಹುಲ್ಲಿನ ಎಣ್ಣೆ ತೆಗೆಯುತ್ತೇನೆ. ಬರೀ ಹಬೆ, ಒಂದು ಹನಿ ಕೆಮಿಕಲ್ ಇಲ್ಲ. ಇದನ್ನು ಪರಿಸರಸ್ನೇಹಿ ಅಂತ ಲೇಬಲ್ ಹಾಕಬಹುದೇ?
— ರೈತರು, ಚಾಮರಾಜನಗರ ಜಿಲ್ಲೆ

ಉತ್ತರ: ಒಲೆಗೆ ಏನು ಹಾಕುತ್ತೀರಿ ಸ್ವಾಮಿ? ನೀರನ್ನು ಹಬೆ ಮಾಡುವುದು ದುಬಾರಿ ಕೆಲಸ. ಕುದಿಯುತ್ತಿರುವ ಒಂದು ಕಿಲೋ ನೀರು ಹಬೆಯಾಗಲು ತಗೊಳ್ಳುವ ಶಾಖದಲ್ಲಿ ಆರು ಕಿಲೋಗಿಂತ ಜಾಸ್ತಿ ಹೆಕ್ಸೇನ್ ಆವಿಯಾಗುತ್ತದೆ. ನೂರು ಕಿಲೋ ಹಸಿ ಹುಲ್ಲಿಗೆ ನಿಮಗೆ ಸಿಗುವುದು ಅರ್ಧ ಕಿಲೋ ಒಳಗಿನ ಎಣ್ಣೆ. ಅಷ್ಟಕ್ಕೆ ಮರ ಕಡಿದು ತಂದ ಸೌದೆ ಉರಿಸಿದರೆ ಆ ಲೇಬಲ್ ಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಸರಿ ಮಾಡುವುದು ಕಷ್ಟವಲ್ಲ. ಹುಲ್ಲನ್ನು ಕೊಯ್ದು ಅರ್ಧ ದಿನ ನೆರಳಲ್ಲಿ ಬಾಡಿಸಿ, ಒಂದೇ ಬಾರಿಗೆ ಪಾತ್ರೆಯಲ್ಲಿ ಹೆಚ್ಚು ಹಿಡಿಸುತ್ತದೆ. ಎಣ್ಣೆ ತೆಗೆದ ಹುಲ್ಲನ್ನು ಒಣಗಿಸಿ ಅದನ್ನೇ ಉರಿಸಿ. ಒಲೆಗೆ ಮಣ್ಣಿನ ಗೋಡೆ ಕಟ್ಟಿ, ಹಬೆ ಹೋಗುವ ಕೊಳವೆಗೆ ಗೋಣಿ ಸುತ್ತಿ. ತಣ್ಣಗೆ ಮಾಡುವ ನೀರನ್ನು ಹರಿಯಬಿಡದೆ ತೊಟ್ಟಿಗೆ ತಿರುಗಿಸಿ. 1916ರಲ್ಲಿ ಶುರುವಾದ ಮೈಸೂರಿನ ಶ್ರೀಗಂಧದ ಎಣ್ಣೆ ಕಾರ್ಖಾನೆಯದೂ ಹಬೆಯ ವಿಧಾನವೇ. ಎಣ್ಣೆ ತೆಗೆದ ಗಂಧದ ಪುಡಿ ಅಗರಬತ್ತಿಗೆ ಹೋಗುತ್ತದೆ, ಏನೂ ಹಾಳಾಗುವುದಿಲ್ಲ. ನಿಮ್ಮ ಎಣ್ಣೆಯ ಕೆಳಗೆ ನಿಲ್ಲುವ ನೀರಲ್ಲೂ ಘಮ ಇರುತ್ತದೆ. ಅದನ್ನು ಚರಂಡಿಗೆ ಬಿಡಬೇಡಿ. ನೆಲ ಒರೆಸಲು ಊರಿನ ಅಂಗಡಿಯಲ್ಲಿ ಹತ್ತು ಬಾಟಲಿ ಇಟ್ಟು ನೋಡಿ, ಏನಾಯಿತು ಅಂತ ನನಗೆ ಬರೆಯಿರಿ.