ನೀವು ಟಿವಿ ಆರಿಸಿದ್ದು ಯಾವಾಗ?

ಓದುಗರ ಪತ್ರ (ಸ್ವಲ್ಪ ಕತ್ತರಿಸಿದ್ದೇವೆ):

"ಸಂಪಾದಕರಿಗೆ ನಮಸ್ಕಾರ. ನಾನು ಚಿತ್ರದುರ್ಗದವಳು. ಲಾಕ್‌ಡೌನ್ ಸಮಯದಲ್ಲಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದಿಕೊಂಡು ರಾತ್ರಿ ಮಗನಿಗೆ ಕನ್ನಡದಲ್ಲಿ ಕಥೆ ಹೇಳುತ್ತಿದ್ದೆ. ಏಳು ಸುತ್ತಿನ ಊರು ಬಂದಾಗ 'ಅಮ್ಮ, ಇದು ನಮ್ಮ ಕೋಟೇನೇ' ಅಂದಿದ್ದ. ಈಗ ಅವನು ಎಂಟನೇ ಕ್ಲಾಸು. ಟ್ಯೂಷನ್ನಿನ ಗೆಳೆಯ 'ಗೇಮ್ ಆಫ್ ಥ್ರೋನ್ಸ್ ನೋಡು, ಅದೇ ತರ ಇದೆ' ಎಂದನಂತೆ. ಮೊನ್ನೆ ಭಾನುವಾರ ಅತ್ತೆಯವರೂ ಸೇರಿ ಎಲ್ಲರೂ ಮಂಡಕ್ಕಿ ಇಟ್ಟುಕೊಂಡು ಕೂತೆವು. ಅರ್ಧ ಗಂಟೆ ಚೆನ್ನಾಗಿಯೇ ಇತ್ತು. ಆಮೇಲೆ ಒಂದು ಸೂಳೆಮನೆಯ ದೃಶ್ಯ. ರಿಮೋಟ್ ಹುಡುಕುವಷ್ಟರಲ್ಲಿ ಸಾಕಾಗಿಹೋಯಿತು. ಮಕ್ಕಳ ಕಥೆಗಳಿಗೆ ಇದನ್ನೆಲ್ಲ ಯಾಕೆ ತುರುಕುತ್ತಾರೆ? ಉಂಗುರದ ಕಥೆಯ ಹೊಸ ಸರಣಿಗೂ ಇಂಥ ದೃಶ್ಯ ತೆಗೆಸಲೆಂದೇ ಒಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಂಡಿದ್ದಾರಂತೆ. ಮೂಲ ಕಥೆಗೆ ಒಂದು ದೃಶ್ಯವನ್ನೂ ಸೇರಿಸಬಾರದು ಎಂದು ಕಾನೂನು ಬರಲಿ. ನಿಮ್ಮ ಪತ್ರಿಕೆ ಸಹಿ ಸಂಗ್ರಹ ಶುರು ಮಾಡಲಿ. ಮಗ ಮಾತ್ರ ಇನ್ನೂ 'ಆ ತೋಳದ ಮರಿಗಳು ಏನಾದವು?' ಎಂದು ಕೇಳುತ್ತಿದ್ದಾನೆ."

ಸಂಪಾದಕರ ಉತ್ತರ:

ಮೇಡಂ, ನಮಸ್ಕಾರ.

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಜೋರಾಗಿ ಓದಿದೆವು. ಮಂಡಕ್ಕಿ, ಅತ್ತೆ, ಸಿಗದ ರಿಮೋಟ್. ಎಲ್ಲರೂ ನಕ್ಕರು. ಕ್ಷಮಿಸಿ. ನಕ್ಕವರಲ್ಲಿ ಹೆಚ್ಚಿನವರ ಮನೆಯಲ್ಲೂ ಇದೇ ಆಗಿದೆ.

ಮೊದಲು ಒಂದು ಪ್ರಶ್ನೆ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೀವು ಟಿವಿ ಆರಿಸಿದ್ದು ಯಾವಾಗ? ಆ ಸರಣಿಯ ಮೊದಲ ಕಂತು ನನಗೆ ಚೆನ್ನಾಗಿ ನೆನಪಿದೆ. ಶುರುವಿನಲ್ಲೇ ಹಿಮದ ಮೇಲೆ ಕಡಿದು ಜೋಡಿಸಿಟ್ಟ ಹೆಣಗಳಿವೆ. ಆಮೇಲೆ ಒಬ್ಬ ಅಪ್ಪ ತನ್ನ ಮಕ್ಕಳ ಎದುರಿಗೇ ಒಬ್ಬನ ತಲೆ ಕಡಿಯುತ್ತಾನೆ. ಚಿಕ್ಕ ಹುಡುಗನಿಗೆ 'ಕಣ್ಣು ಆಚೆ ತಿರುಗಿಸಬೇಡ' ಎಂದು ಅಣ್ಣ ಹೇಳಿಕೊಡುತ್ತಾನೆ. ಇಷ್ಟೂ ನೀವು ಹೇಳುವ 'ಚೆನ್ನಾಗಿಯೇ ಇದ್ದ' ಅರ್ಧ ಗಂಟೆಯಲ್ಲಿದೆ. ಅತ್ತೆಯವರು ಮಂಡಕ್ಕಿ ತಿನ್ನುತ್ತಲೇ ಇದ್ದರು, ಅಲ್ವಾ?

ಇದು ನಿಮ್ಮೊಬ್ಬರ ಮಾತಲ್ಲ. ನಾನೂ ಹಾಗೆಯೇ. ರಕ್ತ ನೋಡುತ್ತೇವೆ, ಮೈ ಕಂಡರೆ ರಿಮೋಟ್ ಹುಡುಕುತ್ತೇವೆ. ಹಳೇ ಅಭ್ಯಾಸ ಇದು. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಜನಪದ ಕಥೆಗಳ ಮೊದಲ ಸಂಪುಟ ತಂದರು. ಅದರಲ್ಲಿ ಗೋಪುರದಲ್ಲಿ ಬಂಧಿಯಾದ ಉದ್ದ ಕೂದಲಿನ ರಪುಂಜೆಲ್, 'ಬಟ್ಟೆ ಯಾಕೋ ಬಿಗಿಯಾಗುತ್ತಿದೆ' ಎಂದು ಮುದುಕಿಯನ್ನು ಕೇಳುತ್ತಾಳೆ. ರಾಜಕುಮಾರ ಬಂದು ಹೋಗುತ್ತಿದ್ದ, ಅವಳು ಬಸುರಿ. ಮಕ್ಕಳ ಪುಸ್ತಕದಲ್ಲಿ ಇದೇನು ಎಂದು ಆಗಿನವರೂ ಬೈದರು. ಮುಂದಿನ ಮುದ್ರಣಗಳಲ್ಲಿ ಆ ಮಾತನ್ನು ತೆಗೆದರು. ಆದರೆ ಬೇರೆ ಕಥೆಗಳಲ್ಲಿದ್ದ ಕೈಕಾಲು ಕಡಿಯುವುದು ಹಾಗೇ ಉಳಿಯಿತು, ಕಣ್ಣು ಕುಕ್ಕುವುದು ಹೊಸದಾಗಿ ಸೇರಿತು.

ನಿಮ್ಮ ಪತ್ರದ 'ಮಕ್ಕಳ ಕಥೆ' ಎಂಬ ಮಾತಿಗೆ ಬರುತ್ತೇನೆ. ಗೇಮ್ ಆಫ್ ಥ್ರೋನ್ಸ್ ಮಕ್ಕಳ ಕಥೆ ಆಗಿರಲೇ ಇಲ್ಲ. 1996ರಲ್ಲಿ ಮೊದಲ ಪುಸ್ತಕ ಬಂದಾಗಲೇ ಅದು ದೊಡ್ಡವರದು. ಟ್ಯೂಷನ್ ಗೆಳೆಯನಿಗೆ ಕತ್ತಿ, ಕೋಟೆ ಕಂಡಿತು, 'ಅದೇ ತರ' ಅಂದ. ಪಾಪ, ಅವನದೇನೂ ತಪ್ಪಿಲ್ಲ. ಕತ್ತಿ ಇದ್ದ ಕೂಡಲೇ ಅದು ಮಕ್ಕಳದ್ದು ಎಂದು ನಾವು ದೊಡ್ಡವರೂ ತಿಳಿದಿದ್ದೇವಲ್ಲ.

ನಮ್ಮ ಕಥೆಗಳನ್ನೇ ನೋಡಿ. ಚಂದಮಾಮ ಕನ್ನಡದಲ್ಲಿ 1940ರ ದಶಕದ ಕೊನೆಯಿಂದ ಬಂತು. ಹೆಗಲ ಮೇಲೆ ಹೆಣ ಹೊತ್ತ ವಿಕ್ರಮ, ಅದರೊಳಗಿನ ಬೇತಾಳ. ನಾನು ಅದನ್ನು ಓದಿಯೇ ಅಕ್ಷರ ಗಟ್ಟಿ ಮಾಡಿಕೊಂಡವನು. ಕಾಲೇಜಿಗೆ ಬಂದ ಮೇಲೆ ಗೊತ್ತಾಯಿತು, ಬೇತಾಳನ ಕಥೆಗಳು 11ನೇ ಶತಮಾನದ ಕಥಾಸರಿತ್ಸಾಗರದಲ್ಲೂ ಇವೆ ಎಂದು. ಮೋಸ ಮಾಡುವ ಹೆಂಡತಿಯರು, ಮೋಸ ಹೋಗುವ ಗಂಡಂದಿರು, ವೇಶ್ಯೆಯರು, ಕಳ್ಳರು ಎಲ್ಲ ಅಲ್ಲಿದ್ದಾರೆ. ಪಂಚತಂತ್ರವೂ ಅಷ್ಟೇ. ನರಿ, ಸಿಂಹದ ನಡುವೆ ನೇಕಾರನ ಹೆಂಡತಿ, ಕ್ಷೌರಿಕನ ಹೆಂಡತಿ, ಕತ್ತರಿಸಿದ ಮೂಗು. ಅದು ಮಕ್ಕಳ ಪುಸ್ತಕಕ್ಕೆ ಬರಲಿಲ್ಲ, ಅಷ್ಟೇ. ಅಂದರೆ ನಾವು ಚಿಕ್ಕಂದಿನಲ್ಲಿ ಓದಿದ್ದೇ ಕತ್ತರಿಸಿದ ಕಥೆ. ನನಗೆ ಅದರ ಬಗ್ಗೆ ತಕರಾರಿಲ್ಲ, ಚೆನ್ನಾಗಿಯೇ ಕತ್ತರಿಸಿದ್ದರು. ಆದರೆ ಅದನ್ನೇ ಮೂಲ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಹಾಗಾದರೆ ಎಲ್ಲಕ್ಕೂ ಹಸಿರು ನಿಶಾನೆಯೇ? ಇಲ್ಲ. ನಿಮ್ಮ ಉಂಗುರದ ಕಥೆಯ ಬಗ್ಗೆ ನಿಮಗಿರುವ ಸಿಟ್ಟು ನನಗೆ ಅರ್ಥವಾಗುತ್ತದೆ. ಅಲ್ಲಿ ನಾನು ನಿಮ್ಮ ಪಕ್ಷವೇ.

ಟೋಲ್ಕಿನ್ ಆ ಪುಸ್ತಕ ಪ್ರಕಟಿಸಿದ್ದು 1954-55ರಲ್ಲಿ. ಅರಗಾರ್ನ್, ಆರ್ವೆನ್ ಪ್ರೀತಿಯನ್ನು ಕಥೆಯ ಮಧ್ಯೆ ಹೆಚ್ಚು ತರಲೇ ಇಲ್ಲ. ಅವರ ಪೂರ್ತಿ ಕಥೆಯನ್ನು ಕೊನೆಯ ಅನುಬಂಧಕ್ಕೆ ತಳ್ಳಿಬಿಟ್ಟರು. ಸಂಕೋಚದ ಮನುಷ್ಯ ಎಂದು ನಗಬಹುದು. ಆದರೆ ಅದೇ ಮನುಷ್ಯ ಟೂರಿನ್ ಎಂಬ ವೀರನ ಕಥೆ ಬರೆದಿದ್ದಾರೆ. ಅವರು ತೀರಿಕೊಂಡ ಮೇಲೆ, 1977ರಲ್ಲಿ ಮಗ ಅದನ್ನು ಸಿಲ್ಮರಿಲಿಯನ್‌ನಲ್ಲಿ ಸೇರಿಸಿ ಹೊರತಂದರು. ಟೂರಿನ್‌ಗೆ ತನ್ನ ತಂಗಿಯ ಗುರುತಿಲ್ಲ. ಅವಳಿಗೆ ತನ್ನ ನೆನಪೇ ಹೋಗಿದೆ. ಇಬ್ಬರೂ ಮದುವೆಯಾಗುತ್ತಾರೆ. ನಿಜ ತಿಳಿದಾಗ ಬಸುರಿ ಹೆಂಗಸು ಕಮರಿಗೆ ಹಾರುತ್ತಾಳೆ. ಅವನು ತನ್ನ ಕತ್ತಿಯ ಮೇಲೇ ಬೀಳುತ್ತಾನೆ. ಇದಕ್ಕಿಂತ 'ದೊಡ್ಡವರ' ವಿಷಯ ಇನ್ನೇನು ಬೇಕು? ಇಡೀ ಕಥೆಯಲ್ಲಿ ಹಾಸಿಗೆಯ ಒಂದು ದೃಶ್ಯವೂ ಇಲ್ಲ. ಓದಿ ಮುಗಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮ ಜನ್ನನ ಯಶೋಧರ ಚರಿತೆಯೂ ಹೀಗೇ. 1209ರ ಕಾವ್ಯ. ರಾಣಿ ಅಮೃತಮತಿ ನಡುರಾತ್ರಿ ಮಾವುತನ ಹಾಡು ಕೇಳಿ ಮನಸೋಲುತ್ತಾಳೆ. ಅವನು ಕುರೂಪಿ. ಒಂದು ರಾತ್ರಿ ತಡವಾಗಿ ಬಂದಳೆಂದು ಅವಳನ್ನು ಹೊಡೆಯುತ್ತಾನೆ. ಅವಳು ಅವನನ್ನೇ ಬೇಡಿಕೊಳ್ಳುತ್ತಾಳೆ. ಕತ್ತಲಲ್ಲಿ ನಿಂತು ರಾಜ ಇದನ್ನೆಲ್ಲ ನೋಡುತ್ತಿದ್ದಾನೆ, ಕೈಯಲ್ಲಿ ಕತ್ತಿ ಇದೆ, ಬೀಸುವುದಿಲ್ಲ. ಕಾಲೇಜಿನಲ್ಲಿ ನಮಗೆ ಇದು ಪಾಠವಾಗಿತ್ತು. ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ನಗುತ್ತಿದ್ದ ನಾವು ಆ ಹೊಡೆತದ ಪದ್ಯ ಬಂದಾಗ ಸುಮ್ಮನಾದೆವು. ನಮ್ಮ ಮೇಷ್ಟ್ರು ಬಿಡಿಸಿ ಹೇಳಲೂ ಇಲ್ಲ.

ದೊಡ್ಡವರ ವಿಷಯ ಬೇರೆ, ದೊಡ್ಡವರಿಗೆ ಎಂದು ಹಾಕುವ ದೃಶ್ಯ ಬೇರೆ. ನನ್ನ ತಕರಾರು ಎರಡನೆಯದರ ಮೇಲೆ ಮಾತ್ರ. ಅದೂ ಎಲ್ಲಾ ಕಡೆ ಅಲ್ಲ.

ಆ ಬೇತಾಳನ ಕಥೆಗಳಲ್ಲೇ ಒಂದು ತಲೆ ಅದಲುಬದಲಾಗುವ ಕಥೆ ಇದೆ. ಗಡಿಬಿಡಿಯಲ್ಲಿ ಹೆಂಗಸು ಗಂಡನ ತಲೆಯನ್ನು ಬೇರೊಬ್ಬನ ಮೈಗೆ ಅಂಟಿಸುತ್ತಾಳೆ. ಗಂಡ ಯಾರು? ತಲೆ ಇರುವವನೇ ಎಂದು ವಿಕ್ರಮ ಥಟ್ಟನೆ ಉತ್ತರ ಕೊಡುತ್ತಾನೆ. ಗಿರೀಶ ಕಾರ್ನಾಡರು ಹಯವದನದಲ್ಲಿ ಅದನ್ನೇ ಎತ್ತಿಕೊಂಡು, ಅವಳಿಗೆ ಆ ಇನ್ನೊಂದು ಮೈಯ ಮೇಲೆ ಮೊದಲಿನಿಂದಲೂ ಆಸೆ ಇತ್ತು ಎಂದರು. (ದಾರಿಯಲ್ಲಿ ಜರ್ಮನ್ ಲೇಖಕ ಥಾಮಸ್ ಮನ್ ಅವರಿಂದಲೂ ಸಾಲ ಪಡೆದರು.) ಇದೂ ಮಕ್ಕಳ ಪತ್ರಿಕೆಯ ಕಥೆಗೆ 'ವಯಸ್ಕರ ವಿಷಯ' ಸೇರಿಸಿದ್ದೇ. ಆದರೆ ಆ ಬೀಜ ಕಥೆಯಲ್ಲೇ ಇತ್ತು. ಕಾರ್ನಾಡರು ನೀರು ಹಾಕಿದರು.

ಬೀಜವಿಲ್ಲದ ಕಡೆ ಏನಾಗುತ್ತದೆ ಎಂದು ನಾನು ಚಿಕ್ಕಂದಿನಲ್ಲೇ ನೋಡಿದೆ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ. ಜಾತ್ರೆಗೆ ನಾಟಕ ಕಂಪನಿಗಳು ಬಂದು ಟೆಂಟ್ ಹಾಕುತ್ತಿದ್ದವು. ಒಮ್ಮೆ ಅಜ್ಜಿ ನನ್ನನ್ನು ಒಂದು ಪೌರಾಣಿಕ ನಾಟಕಕ್ಕೆ ಕರೆದುಕೊಂಡು ಹೋದಳು. ಅವಳಿಗೆ ಆ ಕಥೆ ಬಾಯಿಪಾಠ. ರಾಣಿ ಅಳುವ ದೃಶ್ಯ ಮುಗಿಯಿತೋ ಇಲ್ಲವೋ, ಹಾಸ್ಯದವನು ಬಂದು ಡಬಲ್ ಮೀನಿಂಗ್ ಶುರು ಮಾಡಿದ. ಮುಂದಿನ ಸಾಲಿನವರು ಸೀಟಿ ಹೊಡೆದರು. ಅಜ್ಜಿ ಸೆರಗು ಸರಿ ಮಾಡಿಕೊಂಡು ಎದ್ದಳು. "ನಡಿಯಪ್ಪ, ಮನಿಗೆ ಹೋಗಾಣ. ಇವರಿಗೆ ಕಥಿ ಮ್ಯಾಲೆ ನಂಬಿಕಿ ಇಲ್ಲ." ಎರಡು ವರ್ಷ ಬಿಟ್ಟು ಬಂದ ಜಾತ್ರೆಯಲ್ಲಿ ಅವಳು ನಾಟಕಕ್ಕೆ ಬರಲಿಲ್ಲ. ಅವಳ ಗೆಳತಿಯರೂ ಬರಲಿಲ್ಲ. ಸೀಟಿ ಹೊಡೆಯುವವರಿಗಾಗಿ ನಾಟಕ ಬದಲಾಯಿತು, ಆಮೇಲೆ ಸೀಟಿಯವರು ಮಾತ್ರ ಉಳಿದರು.

ಅಜ್ಜಿಯ ಮಾತನ್ನು ಸರಣಿ ಮಾಡುವವರಿಗೆ ಹಾಕಿ ನೋಡಿ. 2011ರಿಂದ 2019ರವರೆಗೆ ಗೇಮ್ ಆಫ್ ಥ್ರೋನ್ಸ್ ಭಾರಿ ಓಡಿತು. ಉಳಿದ ಕಂಪನಿಗಳಿಗೆಲ್ಲ ಅಂಥದ್ದೇ ಒಂದು ಬೇಕಾಯಿತು. ಅದು ಓಡಿದ್ದು ಕಥೆಯಿಂದಲೋ ಬೆತ್ತಲೆಯಿಂದಲೋ ಎಂದು ಬಿಡಿಸಿ ನೋಡುವ ತಾಳ್ಮೆ ಯಾರಿಗಿದೆ? ನಿಜ ಹೇಳಬೇಕೆಂದರೆ ಆ ಸರಣಿಯವರೂ ಕೆಲವು ಕಡೆ ಜಾಣತನ ತೋರಿಸಿದರು. ಪುಸ್ತಕದಲ್ಲಿ ಹದಿಮೂರು, ಹದಿನಾಲ್ಕರ ಮಕ್ಕಳಾಗಿದ್ದವರ ವಯಸ್ಸು ಏರಿಸಿದರು. ಕೆಲವು ಕಡೆ ಎಡವಿದರು. 2015ರ ಐದನೇ ಸೀಸನ್ನಿನಲ್ಲಿ, ಪುಸ್ತಕದಲ್ಲಿ ಬೇರೊಬ್ಬಳ ಮೇಲೆ ನಡೆಯುವ ದೌರ್ಜನ್ಯವನ್ನು ಕಥೆಯ ಮುಖ್ಯ ಹೆಣ್ಣುಪಾತ್ರದ ಮೇಲೆ ತಂದು ಹಾಕಿದರು. ಕ್ಯಾಮೆರಾ ಕೊನೆಗೆ ನಿಂತಿದ್ದು ಅದನ್ನು ನೋಡುತ್ತಾ ಅಳುವ ಗಂಡಸಿನ ಮುಖದ ಮೇಲೆ. ನೋವು ಅವಳದು, ದೃಶ್ಯ ಅವನದು! ಜಗತ್ತಿನ ಎಲ್ಲ ಕಡೆಯಿಂದ ಬೈಗುಳ ಬಿತ್ತು. ಬೀಳಲೇಬೇಕಿತ್ತು.

ಪುಟದ ಮೇಲೆ ಒಂದು ಸಾಲಿನಲ್ಲಿ ದಾಟುವುದನ್ನು ಪರದೆಯ ಮೇಲೆ ನಿಜವಾದ ಹೆಣ್ಣು, ನಿಜವಾದ ಗಂಡು ಮೈಯಿಂದ ಮಾಡಿ ತೋರಿಸಬೇಕು. ಸುತ್ತ ಹತ್ತಾರು ಜನ, ಲೈಟು, ಮೈಕು. ಅದಕ್ಕೇ ನೀವು ಬೈದ ಆ 'ಸಂಬಳದವರು' ಬಂದಿದ್ದು. ಇಂಟಿಮಸಿ ಕೋಆರ್ಡಿನೇಟರ್ ಎನ್ನುತ್ತಾರೆ. ಇವರ ಕೆಲಸ ಇಂಥ ದೃಶ್ಯ ಜಾಸ್ತಿ ಮಾಡಿಸುವುದಲ್ಲ. ಕಲಾವಿದರು ಒಪ್ಪಿದ್ದೆಷ್ಟೋ ಅಷ್ಟರಲ್ಲೇ ನಿಲ್ಲಿಸುವುದು. ಹೊಡೆದಾಟಕ್ಕೆ ಸ್ಟಂಟ್ ಮಾಸ್ಟರ್ ಇದ್ದ ಹಾಗೆ. ಸ್ಟಂಟ್ ಮಾಸ್ಟರ್ ಇದ್ದಾರೆಂದು ಯಾರದ್ದೋ ಕಾಲು ಮುರಿಯುತ್ತಾರೆ ಅನ್ನುತ್ತೇವೆಯೇ?

ಇಲ್ಲಿ ನನ್ನದೇ ಒಂದು ತಪ್ಪೊಪ್ಪಿಗೆ ಇದೆ. ಉಂಗುರದ ಕಥೆಯ ಸರಣಿಗೆ ಅಂಥವರನ್ನು ತೆಗೆದುಕೊಂಡಿದ್ದಾರೆ ಎಂಬ ಸುದ್ದಿ 2020ರಲ್ಲಿ ಬಂದಾಗ, ಇದೇ ಪುಟದಲ್ಲಿ ನಾನು ಕೂಗಾಡಿದ್ದೆ. 'ಪಾಯಸಕ್ಕೆ ಬೆಳ್ಳುಳ್ಳಿ ಒಗ್ಗರಣೆ' ಎಂದು ದೊಡ್ಡದಾಗಿ ಹೆಡ್ಡಿಂಗ್ ಕೊಟ್ಟಿದ್ದೆ. 2022ರ ಸೆಪ್ಟೆಂಬರ್‌ನಲ್ಲಿ 'ದಿ ರಿಂಗ್ಸ್ ಆಫ್ ಪವರ್' ಬಂತು. ನಾನು ಹೆದರಿದ್ದು ಯಾವುದೂ ಅದರಲ್ಲಿರಲಿಲ್ಲ. ಇದ್ದ ತೊಂದರೆಯೇ ಬೇರೆ, ಎಮ್ಮೆ ಕೆರೆಯಿಂದ ಎದ್ದು ಬರುವಷ್ಟು ನಿಧಾನ. ಅವರ ಕೈಯಲ್ಲಿದ್ದದ್ದು ಮುಖ್ಯವಾಗಿ ಅನುಬಂಧದ ಪುಟಗಳು, ಸಿಲ್ಮರಿಲಿಯನ್ ಹಕ್ಕು ಸಿಕ್ಕಿರಲಿಲ್ಲ. ಎರಡು ಸಾಲನ್ನು ಎಂಟು ಕಂತು ಮಾಡುವಾಗ ಏನಾದರೂ ತುಂಬಲೇಬೇಕು. ಅವರು ಮೈ ತುಂಬಲಿಲ್ಲ, ಮಾತು ತುಂಬಿದರು. ನೋಡದೇ ಬೈದದ್ದು ನನ್ನ ತಪ್ಪು.

ಕಾನೂನಿನ ಮಾತು. ಮೂಲಕ್ಕೆ ಏನೂ ಸೇರಿಸಬಾರದು ಎಂದರೆ ನಿಮ್ಮ ಊರಿನ 'ನಾಗರಹಾವು' ಸಿನಿಮಾವೇ ಇರುತ್ತಿರಲಿಲ್ಲ. ತರಾಸು ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ್ದು. ತರಾಸು ಅವರಿಗೆ ಅದು ಹಿಡಿಸಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ಅವರು ಅಂದರೆಂಬ ಮಾತು ದುರ್ಗದಲ್ಲಿ ಇವತ್ತಿಗೂ ಓಡಾಡುತ್ತದೆ. ಬರೆದವರಿಗೆ ಬೈಯುವ ಹಕ್ಕಿತ್ತು. ಆದರೂ ಕೋಟೆ ನೋಡಲು ಬಂದವರು ಕಲ್ಲು ಬಂಡೆ ಕಂಡ ಕೂಡಲೇ ರಾಮಾಚಾರಿ ಎನ್ನುತ್ತಾರೆ. ಕಾದಂಬರಿಯೂ ಇದೆ, ಸಿನಿಮಾವೂ ಇದೆ. ಹಾಗಾಗಿ ಸಹಿ ಸಂಗ್ರಹ ನಾವು ಮಾಡುವುದಿಲ್ಲ, ಮೇಡಂ.

ಇನ್ನು ಮನೆ ಮಟ್ಟಿಗೆ. 2021ರ ಐಟಿ ನಿಯಮಗಳ ಪ್ರಕಾರ ಓಟಿಟಿಯವರು ಪ್ರತಿ ಕಾರ್ಯಕ್ರಮಕ್ಕೂ ಯು, ಯು/ಎ 7+, 13+, 16+, ಎ ಎಂದು ಗುರುತು ಹಾಕಬೇಕು. 13+ ಮತ್ತು ಅದಕ್ಕಿಂತ ಮೇಲಿನವಕ್ಕೆ ಪೋಷಕರ ಲಾಕ್ ಕೊಡಬೇಕು. ಶುರುವಾದಾಗ ಮೂಲೆಯಲ್ಲಿ ಕಾಣುತ್ತದೆ. ನಾವು ಅಷ್ಟೊತ್ತಿಗೆ ಮಂಡಕ್ಕಿಗೆ ಈರುಳ್ಳಿ ಕಲಸುತ್ತಿರುತ್ತೇವೆ. ಮಗನಿಗೆ ಈಗ ಪೀಟರ್ ಜಾಕ್ಸನ್ ಅವರ ಉಂಗುರದ ಮೂರು ಸಿನಿಮಾ ತೋರಿಸಿ, ಮೂರನೆಯದು 11 ಆಸ್ಕರ್ ಗೆದ್ದಿದೆ. ಏಳು ಸುತ್ತಿನ ಊರಿಗೆ ಶತ್ರುಗಳು ಕಡಿದ ತಲೆಗಳನ್ನು ಎಸೆಯುವ ದೃಶ್ಯ ಅದರಲ್ಲೂ ಇದೆ, ಪುಸ್ತಕದಲ್ಲೂ ಇದೆ. ನೀವು ಕಥೆ ಹೇಳುವಾಗ ಅದನ್ನು ಹೇಳಿದ್ದಿರಾ, ಹಾರಿಸಿದ್ದಿರಾ? ಹಾರಿಸಿದ್ದರೆ ನೀವೂ ಚಂದಮಾಮದವರೇ.

ಮಗನ ಪ್ರಶ್ನೆಗೆ ಉತ್ತರ ಬಾಕಿ ಇದೆ. ಗೇಮ್ ಆಫ್ ಥ್ರೋನ್ಸ್‌ನ ಆ ತೋಳದ ಮರಿಗಳು ಒಟ್ಟು ಆರು. ಸರಣಿ ಮುಗಿಯುವ ಹೊತ್ತಿಗೆ ಎರಡು ಉಳಿಯುತ್ತವೆ. ಆ ಬಿಳಿ ಮರಿ ಇದೆಯಲ್ಲ, ಎಲ್ಲರಿಗಿಂತ ಚಿಕ್ಕದು, ಅದು ಬದುಕುತ್ತದೆ. ಒಂದು ಕಿವಿ ಹೋಗುತ್ತದೆ, ಅಷ್ಟೇ. ಇದನ್ನು ಅವನಿಗೆ ಹೇಳಬಹುದು.

ಇಂತಿ,
ಸಂಪಾದಕ, ದಾವಣಗೆರೆ