ಗೌರವ ಕೊಟ್ಟವರು ಎಲ್ಲಿದ್ದಾರೆ?

ಪ್ರಿಯ ಲೇಖಕರೇ,

‘ಯಶಸ್ವಿ ಫುಟ್‌ಬಾಲ್ ಮ್ಯಾನೇಜರ್‌ನ ಹತ್ತು ಗುಣಗಳು’ ಎಂಬ ನಿಮ್ಮ ಲೇಖನ ತಲುಪಿದೆ. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ‘ಸ್ಥಳಾವಕಾಶದ ಕೊರತೆಯಿಂದ’ ಎಂಬ ವಾಡಿಕೆಯ ಸಾಲು ಬರೆದು ಹಿಂದಿರುಗಿಸಬಹುದಿತ್ತು. ಆದರೆ ನಿಮ್ಮ ಹಸ್ತಪ್ರತಿಯ ಐದನೆಯ ಪುಟದಲ್ಲಿ ಒಂದು ಸಾಲಿದೆ. ಅದನ್ನು ಓದಿದ ಮೇಲೆ ಹಾಗೆ ಮಾಡಲು ಮನಸ್ಸಾಗಲಿಲ್ಲ. ಆ ಸಾಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಶಿಸ್ತು, ದೂರದೃಷ್ಟಿ, ತಾಳ್ಮೆ, ಆತ್ಮವಿಶ್ವಾಸ, ನಿಷ್ಪಕ್ಷಪಾತ ಎಂದು ಹತ್ತು ಗುಣಗಳನ್ನು ಒಂದರ ಕೆಳಗೊಂದು ಜೋಡಿಸಿದ್ದೀರಿ. ಯಾವುದೂ ಸುಳ್ಳಲ್ಲ. ಆದರೆ ಇದೇ ಪಟ್ಟಿಯನ್ನು ಶಾಲೆಯ ಮುಖ್ಯೋಪಾಧ್ಯಾಯರಿಗೂ ಹಾಲಿನ ಸೊಸೈಟಿಯ ಅಧ್ಯಕ್ಷರಿಗೂ ಒಂದಕ್ಷರ ತಿದ್ದದೆ ಅನ್ವಯಿಸಬಹುದು. ಮ್ಯಾನೇಜರ್‌ಗಳ ಪೈಕಿ ಫರ್ಗುಸನ್ ಅವರ ಹೆಸರು ಹನ್ನೊಂದು ಕಡೆ ಬಂದಿದೆ, ಮೊರಿನ್ಯೊ ಅವರದು ಆರು ಕಡೆ. ಆಟಗಾರರ ಪೈಕಿ ಹೆಸರು ಬಂದಿರುವುದು ಬೆಕಮ್ ಒಬ್ಬರದೇ, ಅದೂ ಫರ್ಗುಸನ್ ಸಿಟ್ಟಿನಲ್ಲಿ ಒದ್ದ ಬೂಟು ಹುಬ್ಬಿಗೆ ಬಡಿದ ಕಾರಣಕ್ಕೆ. ಆಟಗಾರರ ಗೌರವ ಗಳಿಸುವುದು ಹೇಗೆ ಎಂದು ಕೇಳುವ ಲೇಖನದಲ್ಲಿ ಗೌರವ ಕೊಡಬೇಕಾದ ಆಟಗಾರರೇ ಇಲ್ಲ. ನಿಮ್ಮ ಬರಹದ ದೊಡ್ಡ ದೋಷ ಇದು, ಉಳಿದವೆಲ್ಲ ಇದರಿಂದಲೇ ಹುಟ್ಟಿವೆ.

ಬ್ರಯಾನ್ ಕ್ಲಫ್ ಅವರನ್ನು ನೀವು ‘ಆತ್ಮವಿಶ್ವಾಸ’ದ ಕೆಳಗೆ ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ: ‘ಎರಡು ಬಾರಿ ಯುರೋಪಿಯನ್ ಕಪ್ ಗೆದ್ದ ಮಹಾನ್ ಮ್ಯಾನೇಜರ್.’ ಇದೇ ಮನುಷ್ಯ 1974ರಲ್ಲಿ ಲೀಡ್ಸ್ ಯುನೈಟೆಡ್ ಕ್ಲಬ್‌ನಲ್ಲಿ ಉಳಿದದ್ದು 44 ದಿನ. ಲೀಗ್‌ನ ಆರು ಪಂದ್ಯಗಳಲ್ಲಿ ಗೆದ್ದದ್ದು ಒಂದು. ಕೆಲವೇ ತಿಂಗಳ ಹಿಂದೆ ಇಂಗ್ಲೆಂಡಿನ ಚಾಂಪಿಯನ್ ಆಗಿದ್ದ ತಂಡ ಅದು. ಆತ್ಮವಿಶ್ವಾಸ ಕ್ಲಫ್ ಅವರಲ್ಲಿ ಆಗಲೂ ತುಂಬಿ ತುಳುಕುತ್ತಿತ್ತು. ಮುಂದೆ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್‌ನಲ್ಲಿ ಆ ಕಪ್ ಎತ್ತಿದಾಗಲೂ ಅಷ್ಟೇ ಇತ್ತು. ಗುಣ ಒಂದೇ, ಫಲ ಎರಡು. ಹಾಗಿದ್ದರೆ ನಿಮ್ಮ ಪಟ್ಟಿ ಓದುಗನಿಗೆ ಏನನ್ನು ತಿಳಿಸಿತು?

ಲೀಡ್ಸ್‌ನ ಡ್ರೆಸ್ಸಿಂಗ್ ಕೊಠಡಿಯೊಳಗೆ ಹೋಗಿ ನೋಡಿ. ಅಲ್ಲಿ ಕುಳಿತಿದ್ದವರು ಹಿಂದಿನ ಮ್ಯಾನೇಜರ್ ಡಾನ್ ರೆವಿ ಬೆಳೆಸಿದ ಹುಡುಗರು. ರೆವಿ ಹದಿಮೂರು ವರ್ಷ ಅವರ ಜೊತೆಗಿದ್ದರು. ಪಂದ್ಯದ ಹಿಂದಿನ ರಾತ್ರಿ ಹೋಟೆಲಿನಲ್ಲಿ ಎಲ್ಲರನ್ನೂ ಕೂರಿಸಿ ಬಿಂಗೊ ಆಡಿಸುತ್ತಿದ್ದರು, ಎದುರಾಳಿಗಳ ಬಗ್ಗೆ ಉದ್ದುದ್ದ ಟಿಪ್ಪಣಿ ಬರೆಸಿ ಓದಿಸುತ್ತಿದ್ದರು. ಹೊರಗಿನವರು ಆ ತಂಡವನ್ನು ಒರಟು ತಂಡ, ಮೋಸದ ತಂಡ ಎಂದು ಬೈದಷ್ಟೂ ಒಳಗಿನವರು ಒಬ್ಬರಿಗೊಬ್ಬರು ಅಂಟಿಕೊಂಡರು. ಹಾಗೆ ಬೈದವರಲ್ಲಿ ಎಲ್ಲರಿಗಿಂತ ಜೋರು ದನಿ ಕ್ಲಫ್ ಅವರದು. ವರ್ಷಗಟ್ಟಲೆ ಟಿವಿಯಲ್ಲಿ, ಪತ್ರಿಕೆಗಳಲ್ಲಿ ಬೈದಿದ್ದರು. ರೆವಿ ಇಂಗ್ಲೆಂಡ್ ತಂಡದ ಮ್ಯಾನೇಜರ್ ಆಗಿ ಹೊರಟುಹೋದಾಗ ಅವರ ಕುರ್ಚಿಗೆ ಬಂದು ಕುಳಿತವರು ಅದೇ ಕ್ಲಫ್. ನೀವು ಗೆದ್ದ ಪದಕಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿ, ಒಂದನ್ನೂ ನೀವು ನ್ಯಾಯವಾಗಿ ಗೆದ್ದಿಲ್ಲ ಎಂಬರ್ಥದ ಮಾತನ್ನು ಅವರು ಬಂದ ಹೊಸದರಲ್ಲೇ ಆಡಿದರೆಂದು ಅಲ್ಲಿದ್ದ ಆಟಗಾರರು ಮುಂದೆ ನೆನಪಿಸಿಕೊಂಡಿದ್ದಾರೆ.

ಅದೇ ಕೊಠಡಿಯಲ್ಲಿ ಎಡ್ಡಿ ಗ್ರೇ ಕೂಡ ಇದ್ದರು. ಸೊಗಸಾದ ವಿಂಗರ್, ಗಾಯದಿಂದ ಗಾಯಕ್ಕೆ ಬಿದ್ದು ಎಷ್ಟೋ ಪಂದ್ಯ ಕಳೆದುಕೊಂಡವರು. ನೀನು ಓಟದ ಕುದುರೆಯಾಗಿದ್ದರೆ ಇಷ್ಟು ಹೊತ್ತಿಗೆ ಗುಂಡಿಕ್ಕುತ್ತಿದ್ದರು ಎಂದು ಗ್ರೇ ಅವರಿಗೆ ಕ್ಲಫ್ ಹೇಳಿದರಂತೆ. ಈಗ ಇದರ ಪಕ್ಕಕ್ಕೆ ಇನ್ನೊಂದು ಸಂಗತಿ ಇಡಿ. ಕ್ಲಫ್ ಸ್ವತಃ ದೊಡ್ಡ ಸ್ಟ್ರೈಕರ್ ಆಗಿದ್ದವರು, 274 ಲೀಗ್ ಪಂದ್ಯಗಳಲ್ಲಿ 251 ಗೋಲು. 1962ರ ಕ್ರಿಸ್‌ಮಸ್ ಮರುದಿನದ ಪಂದ್ಯದಲ್ಲಿ ಮೊಣಕಾಲು ಹೋಯಿತು, ಅದರೊಂದಿಗೆ ಆಟವೂ ಹೋಯಿತು. ಆಗ ಅವರಿಗೆ 27 ವರ್ಷ. ಗಾಯ ಎಂದರೆ ಏನೆಂದು ಆ ಕೊಠಡಿಯಲ್ಲಿ ಅವರಷ್ಟು ಬಲ್ಲವರು ಇರಲಿಲ್ಲ. ಗ್ರೇ ಅವರ ಪಕ್ಕ ಹತ್ತು ನಿಮಿಷ ಕುಳಿತಿದ್ದರೆ ಸಾಕಿತ್ತು. ಆಡಿದ್ದು ಕುದುರೆಯ ಮಾತು. ನಿಮ್ಮ ಲೇಖನ ಇಲ್ಲಿಂದ ಶುರುವಾಗಿದ್ದರೆ ನಾನು ಪುಟ ತಿರುಗಿಸದೆ ಇರುತ್ತಿರಲಿಲ್ಲ.

ಇನ್ನು ಫಾರೆಸ್ಟ್. 1975ರ ಜನವರಿಯಲ್ಲಿ ಕ್ಲಫ್ ಅಲ್ಲಿಗೆ ಹೋದಾಗ ಅದು ಎರಡನೆಯ ದರ್ಜೆಯ ಲೀಗ್‌ನಲ್ಲಿ ತೆವಳುತ್ತಿದ್ದ ತಂಡ. ಅಲ್ಲಿ ಜಾನ್ ರಾಬರ್ಟ್‌ಸನ್ ಎಂಬ ಆಟಗಾರ ಇದ್ದರು. ಸ್ಥೂಲ ಮೈ, ಸಿಗರೇಟು, ಓಟದಲ್ಲಿ ವೇಗವಿಲ್ಲ, ಅಭ್ಯಾಸದಲ್ಲಿ ಆಸಕ್ತಿಯಿಲ್ಲ. ಕ್ಲಫ್ ಮತ್ತು ಅವರ ಜೊತೆಗಾರ ಪೀಟರ್ ಟೇಲರ್ ಇದನ್ನು ಅವರ ಮುಖಕ್ಕೇ ಹೇಳಿದರು, ಮೃದುವಾಗಿಯೇನೂ ಹೇಳಲಿಲ್ಲ. ಆದರೆ ಆ ಎರಡು ಕಾಲುಗಳಲ್ಲಿ ಏನಿದೆ ಎಂಬುದನ್ನೂ ಅವರೇ ಕಂಡರು. ಮೈದಾನದ ನಡುವೆ ಆಡುತ್ತಿದ್ದವರನ್ನು ಎಡಗಡೆಯ ಅಂಚಿಗೆ ತಂದು ನಿಲ್ಲಿಸಿದರು, ಚೆಂಡು ಸಿಕ್ಕರೆ ರಾಬರ್ಟ್‌ಸನ್‌ಗೆ ಕೊಡಿ ಎಂದು ಉಳಿದವರಿಗೆ ಕಲಿಸಿದರು. ಫಾರೆಸ್ಟ್ 1977ರಲ್ಲಿ ಮೇಲಿನ ದರ್ಜೆಗೆ ಏರಿತು, 1978ರಲ್ಲಿ ಲೀಗ್ ಗೆದ್ದಿತು. 1979ರಲ್ಲಿ ಮ್ಯೂನಿಕ್‌ನಲ್ಲಿ ಮಾಲ್ಮೊ ವಿರುದ್ಧದ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಟ್ರೆವರ್ ಫ್ರಾನ್ಸಿಸ್ ತಲೆಯಿಂದ ಹೊಡೆದ ಒಂದೇ ಗೋಲಿಗೆ ಚೆಂಡು ಬಂದದ್ದು ರಾಬರ್ಟ್‌ಸನ್ ಕಾಲಿನಿಂದ. ಮರುವರ್ಷ ಮ್ಯಾಡ್ರಿಡ್‌ನಲ್ಲಿ ಹ್ಯಾಂಬರ್ಗ್ ವಿರುದ್ಧದ ಒಂದೇ ಗೋಲನ್ನು ಹೊಡೆದವರು ಸ್ವತಃ ರಾಬರ್ಟ್‌ಸನ್.

ಇಲ್ಲೂ ಬೈಗುಳ, ಅಲ್ಲೂ ಬೈಗುಳ. ಬೈಗುಳದ ಹಿಂದೆ ‘ನಿನ್ನಲ್ಲಿ ಏನಿದೆ ಎಂದು ನನಗೆ ಗೊತ್ತು’ ಎಂಬುದು ರಾಬರ್ಟ್‌ಸನ್‌ಗೆ ಕೇಳಿಸಿತು. ಲೀಡ್ಸ್‌ನವರಿಗೆ ‘ನೀವು ಮಾಡಿದ್ದೆಲ್ಲ ಸೊನ್ನೆ’ ಎಂಬುದಷ್ಟೇ ಕೇಳಿಸಿತು. ನಾನು ಅರ್ಥ ಮಾಡಿಕೊಂಡಂತೆ ನಿಮ್ಮ ವಿಷಯದ ತಿರುಳು ಇಲ್ಲಿದೆ: ತನ್ನ ಆಟವನ್ನು ತನಗಿಂತ ಸ್ಪಷ್ಟವಾಗಿ ಕಂಡವರಿಗೆ ಆಟಗಾರ ತಲೆಬಾಗುತ್ತಾನೆ. ಶಿಸ್ತು, ಕಾಠಿಣ್ಯ, ಪ್ರೀತಿ ಎಲ್ಲವೂ ಆಮೇಲೆ.

ಜಾನ್ ಮೆಕ್‌ಗವರ್ನ್ ಅವರ ಕಥೆಯನ್ನೂ ಹುಡುಕಿ ಓದಿ. ಹದಿಹರೆಯದಿಂದ ಕ್ಲಫ್ ಕೈಕೆಳಗೆ ಆಡಿದ ಮಿಡ್‌ಫೀಲ್ಡರ್. ಇವರನ್ನು ಕ್ಲಫ್ ಲೀಡ್ಸ್‌ಗೂ ಕರೆದೊಯ್ದರು, ಅಲ್ಲಿನ ಪ್ರೇಕ್ಷಕರು ಅವರನ್ನು ಕೂಗಿ ಗೇಲಿ ಮಾಡಿದರು. ಅದೇ ಮೆಕ್‌ಗವರ್ನ್ ಫಾರೆಸ್ಟ್ ನಾಯಕರಾಗಿ ಎರಡು ಸಲ ಯುರೋಪಿಯನ್ ಕಪ್ ಎತ್ತಿದರು. ಪೀಟರ್ ಟೇಲರ್ ಲೀಡ್ಸ್‌ಗೆ ಹೋಗಿರಲಿಲ್ಲ ಎಂಬುದನ್ನು ಮರೆಯಬೇಡಿ. ಆಟಗಾರರನ್ನು ಹುಡುಕುವ ಕಣ್ಣು ಟೇಲರ್ ಅವರದು. ಆ 44 ದಿನ ಕ್ಲಫ್ ಒಂಟಿಯಾಗಿದ್ದರು. ನಿಮ್ಮ ಹತ್ತು ಗುಣಗಳಲ್ಲಿ ‘ಸರಿಯಾದ ಜೊತೆಗಾರ’ ಎಂಬುದಿಲ್ಲ.

‘ಗೌರವ ಗಳಿಸಿದರೆ ಯಶಸ್ಸು ತಾನಾಗಿಯೇ ಹಿಂಬಾಲಿಸುತ್ತದೆ’ ಎಂದು ಎರಡನೆಯ ಪುಟದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ನೀವೇ ಹನ್ನೊಂದು ಸಲ ಹೆಸರಿಸಿದ ಫರ್ಗುಸನ್ ಅವರನ್ನೇ ತೆಗೆದುಕೊಳ್ಳಿ. 1986ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದವರು ಮೊದಲ ಕಪ್ ಗೆದ್ದದ್ದು 1990ರಲ್ಲಿ. ಆ ಎಫ್‌ಎ ಕಪ್ ಫೈನಲ್ ಕ್ರಿಸ್ಟಲ್ ಪ್ಯಾಲೇಸ್ ಎದುರು 3-3 ಡ್ರಾ ಆಯಿತು. ಗೋಲ್‌ಕೀಪರ್ ಜಿಮ್ ಲೈಟನ್, ಅಬರ್ಡೀನ್‌ನಲ್ಲಿ ಫರ್ಗುಸನ್ ಕೈಕೆಳಗೆ ಆಡಿ 1988ರಲ್ಲಿ ಯುನೈಟೆಡ್‌ಗೆ ಬಂದವರು, 1983ರಲ್ಲಿ ಅಬರ್ಡೀನ್ ರಿಯಲ್ ಮ್ಯಾಡ್ರಿಡ್ ತಂಡವನ್ನು ಸೋಲಿಸಿ ಕಪ್ ಗೆದ್ದ ರಾತ್ರಿ ಗೋಲಿನಲ್ಲಿ ನಿಂತಿದ್ದವರು. ಮರುಪಂದ್ಯಕ್ಕೆ ಲೈಟನ್ ಅವರನ್ನು ಫರ್ಗುಸನ್ ಕೈಬಿಟ್ಟು ಲೆಸ್ ಸೀಲಿ ಅವರನ್ನು ಆಡಿಸಿದರು. 1-0 ಗೆಲುವು, ಕಪ್ ಬಂತು, ಮುಂದಿನ ಇಪ್ಪತ್ಮೂರು ವರ್ಷಗಳ ದಾರಿ ತೆರೆಯಿತು. ಲೈಟನ್ ಅವರ ಮನಸ್ಸು ಮಾತ್ರ ಮತ್ತೆ ಕೂಡಲಿಲ್ಲ. ಹೀಗೆ ಒಬ್ಬನ ಗೌರವವನ್ನು ಕಳೆದುಕೊಂಡು ಗೆದ್ದ ರಾತ್ರಿಗಳೂ ಇವೆ. ಅವನ್ನು ಬಿಟ್ಟು ಬರೆದರೆ ಸತ್ಯದ ಅರ್ಧ ಭಾಗ ಹೊರಗೆ ಉಳಿಯುತ್ತದೆ. ಫರ್ಗುಸನ್ ಮಾಡಿದ್ದು ಸರಿಯೆಂದೇ ನನ್ನ ಅನಿಸಿಕೆ. ಆದರೂ ಲೈಟನ್ ಅವರ ನೋವಿಗೆ ಲೇಖನದಲ್ಲಿ ಜಾಗ ಬೇಕು.

ಬೆಕಮ್ ಅವರ ಬೂಟಿನ ಪ್ರಸಂಗವನ್ನು ತೆಗೆದುಹಾಕಿ. ಎಲ್ಲರೂ ಹೇಳಿ ಹೇಳಿ ಸವೆದಿದೆ. ಬದಲಿಗೆ ಯುನೈಟೆಡ್‌ನ ಫ್ರೆಂಚ್ ಆಟಗಾರ, 1995ರ ಕ್ಯಾಂಟೊನಾ ಇದ್ದಾರೆ. ಪ್ರೇಕ್ಷಕನೊಬ್ಬನನ್ನು ಒದ್ದು ಎಂಟು ತಿಂಗಳ ನಿಷೇಧಕ್ಕೆ ಒಳಗಾಗಿ, ಇಂಗ್ಲೆಂಡೇ ಬೇಡವೆಂದು ಫ್ರಾನ್ಸಿಗೆ ಹೊರಟುಹೋಗಿದ್ದರು. ಫರ್ಗುಸನ್ ಪ್ಯಾರಿಸ್‌ಗೆ ಹೋದರು. ಪತ್ರಕರ್ತರ ಕಣ್ಣು ತಪ್ಪಿಸಿ, ಮೋಟಾರ್‌ಸೈಕಲ್‌ನ ಹಿಂದಿನ ಸೀಟಿನಲ್ಲಿ ಕುಳಿತು ರೆಸ್ಟೋರೆಂಟ್ ಒಂದಕ್ಕೆ ಹೋಗಿ ಕ್ಯಾಂಟೊನಾ ಎದುರು ಕುಳಿತು ಮಾತನಾಡಿದರು. ಐವತ್ತು ದಾಟಿದ ಮನುಷ್ಯ, ತನ್ನ ಆಟಗಾರನಿಗಾಗಿ ಹೆಲ್ಮೆಟ್ ಹಾಕಿಕೊಂಡು ಪರದೇಶದ ಬೀದಿಗಳಲ್ಲಿ! ಕ್ಯಾಂಟೊನಾ ಹಿಂದಿರುಗಿದರು. 1996ರಲ್ಲಿ ಯುನೈಟೆಡ್ ಲೀಗ್ ಮತ್ತು ಎಫ್‌ಎ ಕಪ್ ಎರಡನ್ನೂ ಗೆದ್ದಿತು, ಕಪ್ ಫೈನಲ್‌ನ ಏಕೈಕ ಗೋಲು ಕ್ಯಾಂಟೊನಾ ಅವರದೇ. ಬೂಟಿನ ಪ್ರಸಂಗ ಕೋಪವನ್ನಷ್ಟೇ ತೋರಿಸುತ್ತದೆ. ಈ ಪ್ರಯಾಣದಲ್ಲಿ ಇಬ್ಬರೂ ಕಾಣುತ್ತಾರೆ.

ಸೈಯದ್ ಅಬ್ದುಲ್ ರಹೀಂ ಅವರನ್ನು ನೀವು ಕೊನೆಯ ಪುಟದಲ್ಲಿ ‘ಭಾರತದಲ್ಲೂ ಇಂಥವರಿದ್ದರು’ ಎಂದು ಸೇರಿಸಿದ್ದೀರಿ. ಈ ‘ಲೂ’ ನನಗೆ ನೋವು ತಂದಿತು. ಹೈದರಾಬಾದಿನ ಈ ಶಾಲಾ ಮೇಷ್ಟರು 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಭಾರತಕ್ಕೆ ಚಿನ್ನ ತಂದವರು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ತಂಡವನ್ನು ನಾಲ್ಕನೆಯ ಸ್ಥಾನಕ್ಕೆ ಏರಿಸಿದವರು. 1962ರಲ್ಲಿ ಜಕಾರ್ತದಲ್ಲಿ ಮೊದಲ ಪಂದ್ಯವನ್ನೇ ದಕ್ಷಿಣ ಕೊರಿಯಾಕ್ಕೆ 0-2ರಿಂದ ಸೋತಿದ್ದರು. ಡಿಫೆಂಡರ್ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ಸೆಮಿಫೈನಲ್‌ಗೆ ಜರ್ನೈಲ್ ಅವರನ್ನು ರಹೀಂ ಹಿಂದಿನ ಸಾಲಿನಿಂದ ತೆಗೆದು ಸೆಂಟರ್ ಫಾರ್ವರ್ಡ್ ಮಾಡಿದರು. ತಲೆಗೆ ಪಟ್ಟಿ ಕಟ್ಟಿಕೊಂಡ ಡಿಫೆಂಡರ್ ಗೋಲು ಹೊಡೆದರು. ಫೈನಲ್‌ನಲ್ಲಿ ಮತ್ತೆ ಅದೇ ದಕ್ಷಿಣ ಕೊರಿಯಾ, ಸುತ್ತಲೂ ಭಾರತದ ವಿರುದ್ಧ ಕೂಗುತ್ತಿದ್ದ ಕ್ರೀಡಾಂಗಣ. ಜ್ವರದಿಂದ ಎದ್ದ ಪೀಟರ್ ತಂಗರಾಜ್ ಗೋಲಿನಲ್ಲಿ. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಇನ್ನೊಂದು, 2-1. ರಹೀಂ ಆಗಲೇ ಕ್ಯಾನ್ಸರ್ ಪೀಡಿತರು, 1963ರ ಜೂನ್‌ನಲ್ಲಿ ತೀರಿಕೊಂಡರು. ಹೊಲಿಗೆ ಹಾಕಿದ ತಲೆಯನ್ನು ಚೆಂಡಿಗೆ ಒಡ್ಡಲು ಒಬ್ಬ ಆಟಗಾರ ಯಾರ ಮಾತಿಗೆ ಒಪ್ಪುತ್ತಾನೆ? ಈ ಪ್ರಶ್ನೆಗೆ ನಾಲ್ಕು ಪುಟ ಕೊಡಿ. ಆ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಕೂಡ ಇದ್ದರು. ನಿಮ್ಮೂರಿನ ಓದುಗರಿಗೆ ಅದನ್ನೂ ಹೇಳಿ.

ಭಾಷೆಯ ಬಗ್ಗೆ ಎರಡು ಮಾತು. ‘ಮ್ಯಾನೇಜರ್ ಡ್ರೆಸ್ಸಿಂಗ್ ರೂಮನ್ನು ಕಳೆದುಕೊಂಡರು’ ಎಂದು ಬರೆದಿದ್ದೀರಿ. ಇಂಗ್ಲಿಷ್ ಪತ್ರಿಕೆಗಳಲ್ಲಿ ಆ ಮಾತಿಗೆ ಅರ್ಥವಿದೆ. ಕನ್ನಡದಲ್ಲಿ ಕೊಠಡಿ ಕಳೆದುಹೋಗುವುದಿಲ್ಲ. ‘ಅವರ ಮಾತಿಗೆ ತಂಡದಲ್ಲಿ ಬೆಲೆ ಉಳಿಯಲಿಲ್ಲ’ ಎನ್ನಿ, ‘ಹುಡುಗರ ಮನಸ್ಸು ಅವರಿಂದ ಕಿತ್ತುಹೋಯಿತು’ ಎನ್ನಿ. ಇನ್ನೊಂದು: ಕ್ರಿಕೆಟ್ ನೋಡಿ ಬೆಳೆದ ನಮ್ಮ ಓದುಗರಿಗೆ ಟೀಮ್ ಮ್ಯಾನೇಜರ್ ಎಂದರೆ ಪ್ರಯಾಣ, ಹೋಟೆಲು ನೋಡಿಕೊಳ್ಳುವವರು. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ತಂಡ ಆರಿಸುವವರು, ಆಡಿಸುವವರು, ಬಹುಕಾಲ ಆಟಗಾರರನ್ನು ಕೊಳ್ಳುವ ಮಾರುವ ಮಾತಿನಲ್ಲೂ ಮುಂದಿದ್ದವರು ಅವರೇ. ಇದನ್ನು ಮೊದಲ ಪುಟದಲ್ಲೇ ಒಂದು ವಾಕ್ಯದಲ್ಲಿ ಬಿಡಿಸಿ ಹೇಳಿದರೆ ಉಳಿದದ್ದೆಲ್ಲ ಸರಾಗವಾಗುತ್ತದೆ.

ಈಗ ಐದನೆಯ ಪುಟ. ‘ಕಾಲೇಜಿನಲ್ಲಿದ್ದಾಗ ಒಮ್ಮೆ ನನ್ನನ್ನು ತಂಡದಿಂದ ಕೈಬಿಟ್ಟಾಗ ನಮ್ಮ ಕೋಚ್ ಪಟ್ಟಿಯನ್ನು ಗೋಡೆಗೆ ಅಂಟಿಸುವ ಮೊದಲು ನನ್ನನ್ನು ಹುಡುಕಿಕೊಂಡು ಹಾಸ್ಟೆಲಿಗೆ ಬಂದಿದ್ದರು’ ಎಂದು ಬರೆದು, ಮರುವಾಕ್ಯದಲ್ಲೇ ಮ್ಯಾನೇಜರ್ ಗ್ವಾರ್ಡಿಯೋಲಾ ಅವರ ಪಾಸಿಂಗ್ ತಂತ್ರಕ್ಕೆ ಜಿಗಿದಿದ್ದೀರಿ. ನಾನು ಅಲ್ಲೇ ನಿಂತುಬಿಟ್ಟೆ. ಅವರು ಬಂದಾಗ ಎಷ್ಟು ಹೊತ್ತಾಗಿತ್ತು? ಒಳಗೆ ಬಂದು ಕುಳಿತರೋ, ಬಾಗಿಲಲ್ಲೇ ನಿಂತು ಹೇಳಿದರೋ? ಕೈಬಿಟ್ಟ ಕಾರಣ ಕೊಟ್ಟರೇ? ನಿಮಗೆ ಸಿಟ್ಟು ಬಂತೇ? ಮರುದಿನ ನೀವು ಮೈದಾನಕ್ಕೆ ಹೋದಿರೋ ಇಲ್ಲವೋ? ಇಷ್ಟು ವರ್ಷಗಳ ಮೇಲೂ ಆ ಸಂಜೆ ನಿಮ್ಮ ಹಸ್ತಪ್ರತಿಯೊಳಗೆ ನುಸುಳಿ ಬಂದಿದೆ. ಗೌರವ ಕೊಟ್ಟವರೊಬ್ಬರು ನಿಮ್ಮ ಲೇಖನದಲ್ಲಿ ಇದ್ದಾರೆ, ಅದು ನೀವೇ. ಆ ಸಂಜೆಯನ್ನು ಪೂರ್ತಿಯಾಗಿ ಬರೆಯಿರಿ, ಅದರಿಂದಲೇ ಲೇಖನ ಆರಂಭಿಸಿ. ಅಲ್ಲಿಂದ ಲೀಡ್ಸ್‌ಗೋ ಜಕಾರ್ತಕ್ಕೋ ಹೋಗುವ ದಾರಿ ನಿಮಗೇ ಕಾಣುತ್ತದೆ.

ಹತ್ತು ಗುಣಗಳ ಪಟ್ಟಿ ಬೇಡ, ಇಬ್ಬರು ಮ್ಯಾನೇಜರ್‌ಗಳು ಸಾಕು. ಎರಡು ಸಾವಿರ ಪದ ಮೀರದಿರಲಿ. ಮುಂದಿನ ತಿಂಗಳ ಹದಿನೈದರೊಳಗೆ ಕಳುಹಿಸಿದರೆ ಕ್ರೀಡಾ ವಿಶೇಷಾಂಕಕ್ಕೆ ನಾನೇ ಕುಳಿತು ಓದುತ್ತೇನೆ. ನಿಮ್ಮ ಕೋಚ್ ಈಗಲೂ ಅದೇ ಊರಿನಲ್ಲಿದ್ದರೆ ಬರೆಯುವ ಮುನ್ನ ಒಮ್ಮೆ ಹೋಗಿ ಕಂಡು ಬನ್ನಿ. ಆ ದಿನ ಹಾಸ್ಟೆಲಿಗೆ ಯಾಕೆ ಬಂದಿರಿ ಎಂದು ಅವರನ್ನೇ ಕೇಳಿ.

ವಿಶ್ವಾಸದಿಂದ,
ಸಂಪಾದಕ